ಎಂಟನೆಯ ಆಟಗಾರ: ಹಳ್ಳಿ ಕಾಲೇಜಿನ ಕಬಡ್ಡಿ ತಂಡಕ್ಕೆ ಬೇಕಾದ ಆಳ

ಕಬಡ್ಡಿ ಅಂಕಣಕ್ಕೆ ಇಳಿಯುವವರು 7 ಮಂದಿ. ತಂಡದ ಪಟ್ಟಿಯಲ್ಲಿ ಸಾಮಾನ್ಯವಾಗಿ 12 ಹೆಸರುಗಳಿರುತ್ತವೆ. ಉಳಿದ 5 ಮಂದಿ ಗೆರೆಯಾಚೆ ಕುಳಿತಿರುತ್ತಾರೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಪದವಿ ಕಾಲೇಜೊಂದಕ್ಕೆ ದೈಹಿಕ ಶಿಕ್ಷಣ ನಿರ್ದೇಶಕರು ಹೊಸದಾಗಿ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ರೈಡರ್ ಮೇಲೆ. ಒಬ್ಬ ಗಟ್ಟಿ ರೈಡರ್ ಸಿಕ್ಕರೆ ತಂಡ ಸಿಕ್ಕಂತೆ ಎಂಬ ನಂಬಿಕೆ ಊರಿನಲ್ಲೂ ಇದೆ, ಕಾಲೇಜಿನಲ್ಲೂ ಇದೆ. ಈ ಅಧ್ಯಾಯದ ವಾದ ಬೇರೆ. ಹೊಸ ತರಬೇತುದಾರರು ಮೊದಲ ವರ್ಷ ಕೈಹಾಕಬೇಕಾದದ್ದು ಎಂಟನೆಯ, ಒಂಬತ್ತನೆಯ, ಹತ್ತನೆಯ ಆಟಗಾರನ ಮೇಲೆ. ತಂಡದ ಆಳ ಎಂದರೆ ಪಟ್ಟಿಯ ಉದ್ದವಲ್ಲ. ಅಂಕಣದ ಪ್ರತಿ ಜಾಗಕ್ಕೂ ನಿಜವಾದ ಪಂದ್ಯದಲ್ಲಿ ಆಡಿ ಪಳಗಿದ ಇನ್ನೊಬ್ಬ ಇರುವುದೇ ಆಳ.

ಆಟದ ನಿಯಮವೇ ಈ ಮಾತಿಗೆ ಮೊದಲ ಸಾಕ್ಷಿ. ಕಬಡ್ಡಿಯಲ್ಲಿ ಔಟಾದವನು ಹೊರಗೆ ಕೂರುತ್ತಾನೆ. ಬೆಂಚಿನಿಂದ ಒಬ್ಬನನ್ನು ಇಳಿಸಿ ಆ ಕೊರತೆ ತುಂಬಿಕೊಳ್ಳಲು ಬರುವುದಿಲ್ಲ. ಒಳಗೆ ಉಳಿದವರು ಎದುರಾಳಿಯನ್ನು ಔಟ್ ಮಾಡಿದಾಗ ಒಂದು ಅಂಕಕ್ಕೆ ಒಬ್ಬನಂತೆ, ಔಟಾದ ಸರದಿಯಲ್ಲೇ, ಹೊರಗಿದ್ದವರು ಮರಳುತ್ತಾರೆ. ಬೋನಸ್ ಅಂಕಕ್ಕೆ ಯಾರೂ ಮರಳುವಂತಿಲ್ಲ. ಈಗ ಮುಖ್ಯ ರೈಡರ್ ಸಿಕ್ಕಿಬಿದ್ದ ಎಂದುಕೊಳ್ಳಿ. ಅವನನ್ನು ಮತ್ತೆ ಒಳಗೆ ತರಬೇಕಾದವನು ಎರಡನೆಯ ರೈಡರ್, ಇಲ್ಲವೇ ಹಿಡಿತಕ್ಕೆ ನಿಂತವರು. ಎರಡನೆಯವನು ಬರಿಗೈಯಲ್ಲಿ ವಾಪಸ್ಸಾಗುತ್ತಿದ್ದರೆ ಮೊದಲನೆಯವನು ಗೆರೆಯ ಹೊರಗೆ ಕುಳಿತೇ ಇರಬೇಕು. ಅಷ್ಟರಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಔಟಾಗಿ, ತಂಡ ಪೂರ್ತಿ ಖಾಲಿಯಾಗಿ, ಎದುರಾಳಿಗೆ ಲೋನಾದ 2 ಹೆಚ್ಚುವರಿ ಅಂಕ ಹೋಗಿರುತ್ತದೆ. ಎಷ್ಟೇ ದೊಡ್ಡ ರೈಡರ್ ಆಗಿರಲಿ, ಅವನು ಅಂಕಣದಲ್ಲಿ ಎಷ್ಟು ಹೊತ್ತು ಇರುತ್ತಾನೆ ಎಂಬುದನ್ನು ತೀರ್ಮಾನಿಸುವವರು ಅವನ ಜೊತೆಯವರು. ಯಾರಿಗೂ ಪೆಟ್ಟಾಗದ ಪಂದ್ಯದಲ್ಲೂ ತಂಡದ ಆಳ ಹೀಗೆ ಕೆಲಸ ಮಾಡುತ್ತಲೇ ಇರುತ್ತದೆ.

ಹಿಡಿತದ ಕಡೆಗೆ ಬಂದರೆ ಆಳದ ಲೆಕ್ಕ ಇನ್ನೂ ಸೂಕ್ಷ್ಮ. ಎರಡು ಕಾರ್ನರ್, ಎರಡು ಕವರ್, ನಡುವಿನವರು ಎಂದು ಜಾಗಗಳಿವೆ. ಎಡ ಕಾರ್ನರ್‌ನಲ್ಲಿ ನಿಂತವನು ರೈಡರ್‌ನ ಕಾಲಿಗೆ ಕೈ ಹಾಕಿದ ಕ್ಷಣವೇ ಪಕ್ಕದ ಕವರ್ ಬಂದು ಒತ್ತಿಕೊಳ್ಳಬೇಕು. ಅರೆ ಕ್ಷಣ ತಡವಾದರೂ ರೈಡರ್ ಇಬ್ಬರನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಾನೆ. ಕೈ ಕೈ ಹಿಡಿದು ಚೈನ್ ಕಟ್ಟುವವರಿಗೂ ಇದೇ ಮಾತು. ಯಾವಾಗ ಮುಂದೆ ನುಗ್ಗಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದು ಕೈಯ ಬಿಗಿಯಲ್ಲೇ ಗೊತ್ತಾಗಬೇಕು. ಹಾಗಾಗಿ ಒಬ್ಬ ಕಾರ್ನರ್ ಆಟಗಾರ ಹೊರಗೆ ಹೋದಾಗ ತಂಡ ಒಬ್ಬನನ್ನಲ್ಲ, ಒಂದು ಜೋಡಿಯನ್ನೇ ಕಳೆದುಕೊಳ್ಳುತ್ತದೆ. ಬೆಂಚಿನಲ್ಲಿ ಬಲವಾದ ಹುಡುಗ ಇದ್ದರಷ್ಟೇ ಸಾಲದು, ಅವನು ಆ ಕವರ್ ಜೊತೆ ಎಷ್ಟು ದಿನ ಹಿಡಿತ ಕಲಿತಿದ್ದಾನೆ ಎಂಬುದು ಮುಖ್ಯ. ಹೊಸ ತರಬೇತುದಾರರ ನಿಜವಾದ ಆತಂಕ ಇಲ್ಲಿರಬೇಕು: 12 ಹೆಸರು ಬರೆಯುವುದು ಸುಲಭ, ಆರೇಳು ಜೋಡಿಗಳನ್ನು ಪಳಗಿಸುವುದು ಕಷ್ಟ.

ದೊಡ್ಡ ಅಂಕಣದಿಂದಲೂ ಒಂದು ನಿದರ್ಶನ ತೆಗೆದುಕೊಳ್ಳಬಹುದು. 2022ರ ಪ್ರೊ ಕಬಡ್ಡಿ ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡ ಪವನ್ ಸೆಹ್ರಾವತ್ ಅವರಿಗೆ 2.26 ಕೋಟಿ ರೂಪಾಯಿ ಕೊಟ್ಟಿತು. ಅಕ್ಟೋಬರ್ 8ರಂದು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಗುಜರಾತ್ ಜೈಂಟ್ಸ್ ಎದುರು ನಡೆದ ಅವರ ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಪೆಟ್ಟಾಯಿತು. ಆ ಋತುವಿನಲ್ಲಿ ಅವರು ಮತ್ತೆ ಆಡಲಿಲ್ಲ. ಆ ಪಂದ್ಯ 31-31ರಲ್ಲಿ ಸಮವಾಯಿತು. ಋತುವಿನ ನಡುವೆ ತರಬೇತುದಾರರೂ ಬದಲಾದರು, ಅಶನ್ ಕುಮಾರ್ ಹೊಸದಾಗಿ ಬಂದರು. ತಂಡ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುವ ಹೊತ್ತಿಗೆ ಹೊಸ ಹುಡುಗ ನರೇಂದರ್ ರೈಡಿನಲ್ಲಿ 200ಕ್ಕೂ ಹೆಚ್ಚು ಅಂಕ ತಂದರು, ಅಜಿಂಕ್ಯ ಪವಾರ್ ಜೊತೆ ಕೊಟ್ಟರು, ಯುವ ಹಿಡಿತಗಾರರ ಗುಂಪು ಗಟ್ಟಿಯಾಗಿ ನಿಂತಿತು. ಅದುವರೆಗೆ ಒಮ್ಮೆಯೂ ಪ್ಲೇಆಫ್ ಕಾಣದಿದ್ದ ತಂಡ ಸೆಮಿಫೈನಲ್ ತಲುಪಿ, ಪುಣೇರಿ ಪಲ್ಟನ್ ಎದುರು ಬರೀ 2 ಅಂಕಗಳಿಂದ ಸೋತಿತು. ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮದೇ ಬೆಂಗಳೂರು ಬುಲ್ಸ್ ತಂಡದ್ದು. ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಅಂಕ ಗಳಿಸಿದ ಪರದೀಪ್ ನರ್ವಾಲ್ 2024ರಲ್ಲಿ ಅದೇ ತಂಡದಲ್ಲಿದ್ದರು. 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಸೋಲಿಗೆ ಕಾರಣಗಳು ಹಲವು ಇರಬಹುದು, ಆದರೆ ಒಬ್ಬರ ಹೆಸರಿನ ಬಲದಿಂದ ತಂಡ ನಿಲ್ಲುವುದಿಲ್ಲ ಎಂಬುದಂತೂ ಸ್ಪಷ್ಟ. ಮರುವರ್ಷ ಕನ್ನಡಿಗರಾದ ಬಿ.ಸಿ. ರಮೇಶ್ ಹೊಸ ತರಬೇತುದಾರರಾಗಿ ಬಂದಾಗ ಅದೇ ತಂಡ ಪ್ಲೇಆಫ್ ತಲುಪಿತು.

ಎರೆ ಸೀಮೆಯ ಕಾಲೇಜಿನ ಲೆಕ್ಕ

ಪ್ರೊ ಕಬಡ್ಡಿ ತಂಡಕ್ಕೆ ಹರಾಜಿದೆ, ವೈದ್ಯರಿದ್ದಾರೆ. ನವಲಗುಂದದ ಕಾಲೇಜಿಗೆ ಇರುವುದು ಸುತ್ತಲಿನ ಹಳ್ಳಿಗಳು ಮಾತ್ರ. ಯಮನೂರನ್ನೇ ತೆಗೆದುಕೊಳ್ಳಿ. ಬೆಣ್ಣಿಹಳ್ಳದ ದಂಡೆಯ ಇಂಥ ಊರಿನ ಹುಡುಗ ಕಾಲೇಜು ತಂಡಕ್ಕೆ ಎಷ್ಟು ದಿನ ಸಿಗುತ್ತಾನೆ ಎಂಬುದನ್ನು ಹೊಲವೂ ಹಳ್ಳವೂ ಬಸ್ಸೂ ಸೇರಿ ನಿರ್ಧರಿಸುತ್ತವೆ. ಮುಂಗಾರಿ ಹೆಸರಿನ ರಾಶಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ. ಅದರ ಬೆನ್ನಿಗೇ ಹಿಂಗಾರಿ ಕಡಲೆ, ಜೋಳ, ಗೋಧಿಯ ಬಿತ್ತನೆ, ಆಮೇಲೆ ಹತ್ತಿ ಬಿಡಿಸುವ ಕೆಲಸ. ಕಾಲೇಜು ತಂಡ ಕಟ್ಟುವ, ಅಂತರ ಕಾಲೇಜು ಪಂದ್ಯಗಳಿಗೆ ಸಜ್ಜಾಗುವ ತಿಂಗಳುಗಳೂ ಹೆಚ್ಚುಕಡಿಮೆ ಇವೇ. ಮನೆಯಲ್ಲಿ ಆಳಿಲ್ಲದ ದಿನ ಹುಡುಗ ಅಭ್ಯಾಸಕ್ಕೆ ಬರುವುದಿಲ್ಲ, ಬರಬೇಕೆಂದು ಗದರುವುದೂ ನ್ಯಾಯವಲ್ಲ. ಬೆಣ್ಣಿಹಳ್ಳ ತುಂಬಿ ಬಂದರೆ ದಾರಿಯೇ ಬಂದ್. ಇನ್ನು ಎರೆ ನೆಲ: ಮಳೆ ಬಿದ್ದರೆ ಕಾಲಿಗೆ ಮೆತ್ತುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಗರಸು ಹಾಕಿ ಹದ ಮಾಡದ ಅಂಕಣದಲ್ಲಿ ಮಳೆಗಾಲದ ಅಭ್ಯಾಸ ಸಾಗುವುದಿಲ್ಲ. ಬಿರುಕಿನಲ್ಲಿ ಪಾದ ಸಿಕ್ಕರೆ ಕಣಕಾಲು ಉಳುಕುತ್ತದೆ, ಮೊಣಕಾಲು ತಿರುಚುತ್ತದೆ. ಮೊಣಕಾಲಿನೊಳಗಿನ ಎಸಿಎಲ್ ಎಂಬ ರಜ್ಜು ಹರಿದು ಶಸ್ತ್ರಚಿಕಿತ್ಸೆಯಾದರೆ ಮತ್ತೆ ಅಂಕಣಕ್ಕೆ ಇಳಿಯಲು ಹಲವು ತಿಂಗಳು ಬೇಕು, ಅಂದರೆ ಆ ವರ್ಷ ಹೋದಂತೆಯೇ. ಊರೂರಲ್ಲಿ ನಡೆಯುವ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಲ್ಲೂ ಇದೇ ಹುಡುಗರು ಆಡುತ್ತಾರೆ. ಅಲ್ಲಾದ ಪೆಟ್ಟನ್ನು ಕಾಲೇಜು ತಂಡವೂ ಅನುಭವಿಸಬೇಕಾಗುತ್ತದೆ.

ಇದರ ಮೇಲೆ ಪದವಿಯ ಕಾಲಮಿತಿ. ಪದವಿ ಮೂರು ವರ್ಷದ್ದು. 12 ಮಂದಿ ಮೂರೂ ವರ್ಷಗಳಲ್ಲಿ ಸಮನಾಗಿ ಹಂಚಿಕೊಂಡಿದ್ದಾರೆಂದರೂ ಪ್ರತಿ ಬೇಸಿಗೆಗೆ 4 ಮಂದಿ ಹೊರಡುತ್ತಾರೆ. ನಿಜದಲ್ಲಿ ಹೊರಡುವ ಕೊನೆಯ ವರ್ಷದವರೇ ಮೊದಲ ಏಳರಲ್ಲಿ ಹೆಚ್ಚಾಗಿರುವುದರಿಂದ ಹೋಗುವ ಬಲ ಮೂರನೇ ಒಂದು ಪಾಲಿಗಿಂತ ದೊಡ್ಡದು. ಹೊಸದಾಗಿ ಬಂದ ತರಬೇತುದಾರರಿಗೆ ಹಿಂದಿನ ವರ್ಷದ ಕಪ್ ಕಪಾಟಿನಲ್ಲಿ ಕಾಣುತ್ತದೆ, ಅದನ್ನು ಗೆದ್ದವರು ಊರಲ್ಲಿರುವುದಿಲ್ಲ. ಹಿಂದಿನವರು ಬೆಂಚಿನವರನ್ನು ಆಡಿಸಿದ್ದರೆ ಈ ವರ್ಷ ಅನುಭವಿಗಳು ಸಿಗುತ್ತಾರೆ. ಆಡಿಸದೇ ಇದ್ದರೆ ಹೊಸ ತರಬೇತುದಾರರು ಸೊನ್ನೆಯಿಂದ ಹೊರಡಬೇಕು, ಸೋಲಿನ ಹೊಣೆಯನ್ನೂ ಹೊರಬೇಕು.

ಹುಡುಗಿಯರ ತಂಡದಲ್ಲಿ ಈ ಕೊರತೆ ಇನ್ನೂ ತೀವ್ರ. ಸಂಜೆಯ ಕೊನೆಯ ಬಸ್ಸಿಗೆ ಹೊರಡಬೇಕಾದ್ದರಿಂದ ಅಭ್ಯಾಸದ ಹೊತ್ತು ಮೊಟಕಾಗುತ್ತದೆ. ಮನೆಯವರ ಒಪ್ಪಿಗೆ ಪ್ರತಿ ಪಂದ್ಯಕ್ಕೂ ಹೊಸದಾಗಿ ಬೇಕಾಗುತ್ತದೆ. ಓದು ಮುಗಿಯುವ ಮೊದಲೇ ಮದುವೆ ಗೊತ್ತಾದರೆ ಆಟ ಅಲ್ಲಿಗೇ ನಿಲ್ಲುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಖರ್ಚು ತಪ್ಪಿದೆ. ಆದರೆ ಬಸ್ಸಿನ ಸಮಯ ಅಭ್ಯಾಸಕ್ಕೆ ಹೊಂದುವಂತೆ ನೋಡಿಕೊಳ್ಳುವುದು ಕಾಲೇಜಿನ ಕೆಲಸ. ಕರ್ನಾಟಕದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಅರ್ಜುನ ಪ್ರಶಸ್ತಿಯವರೆಗೆ ಬೆಳೆದ ಆಟವಿದು. ಅಂಥವರು ನವಲಗುಂದ, ಕುಂದಗೋಳದಿಂದಲೂ ಬರಬೇಕೆಂದರೆ ಮೊದಲು 12 ಹುಡುಗಿಯರು ವರ್ಷವಿಡೀ ಅಭ್ಯಾಸಕ್ಕೆ ಬರುವಂತಾಗಬೇಕು.

ಆಕ್ಷೇಪಗಳು

ಈ ವಾದಕ್ಕೆ ಮೊದಲ ಆಕ್ಷೇಪ ಹೀಗಿರಬಹುದು: ದೊಡ್ಡ ಪಂದ್ಯ ಗೆಲ್ಲಿಸುವುದು ತಾರೆಯೇ. 2019ರ ಜನವರಿ 5ರ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ 38-33ರಿಂದ ಗೆದ್ದಾಗ ಪವನ್ ಒಬ್ಬರೇ 22 ಅಂಕ ತರಲಿಲ್ಲವೇ? ತಂದರು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ತಂಡದಲ್ಲಿ ಎರಡನೆಯ ರೈಡರ್ ಆಗಿ ನಾಯಕ ರೋಹಿತ್ ಕುಮಾರ್ ಇದ್ದರು, ಹಿಡಿತಕ್ಕೆ ಮಹೇಂದರ್ ಸಿಂಗ್ ಇದ್ದರು. ಫೈನಲ್‌ವರೆಗೆ ತಂಡವನ್ನು ಒಯ್ದದ್ದು ಇಡೀ ಗುಂಪು. ತಾರೆ ಬೇಡ ಎಂಬುದು ಇಲ್ಲಿನ ವಾದವಲ್ಲ. ತಾರೆ ಹುಟ್ಟುವುದು ತರಬೇತುದಾರರ ಕೈಯಲ್ಲಿಲ್ಲ, ಎಂಟನೆಯವನನ್ನು ತಯಾರು ಮಾಡುವುದು ಅವರ ಕೈಯಲ್ಲಿದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಕಾಲೇಜು ಟೂರ್ನಿಗಳು ಬಹುಪಾಲು ನಾಕೌಟ್. ಒಂದು ಸೋತರೆ ಬ್ಯಾಗು ಕಟ್ಟಬೇಕು, ಹೊಸಬರನ್ನು ಆಡಿಸಿ ನೋಡುವ ಪುರುಸೊತ್ತು ಎಲ್ಲಿದೆ? ಟೂರ್ನಿಯಲ್ಲಿ ಆಡಿಸಿ ನೋಡಬೇಕೆಂದು ಯಾರೂ ಹೇಳುತ್ತಿಲ್ಲ. ಟೂರ್ನಿಗೆ ಮುಂಚಿನ ಸ್ನೇಹಪರ ಪಂದ್ಯಗಳು ಇರುವುದೇ ಅದಕ್ಕೆ. ಅಲ್ಲದೆ ಗೆಲ್ಲುತ್ತಾ ಹೋದರೆ ಒಂದೇ ದಿನ ಎರಡು ಪಂದ್ಯ, ಮರುದಿನ ಮತ್ತೆ ಎರಡು ಬರಬಹುದು. 20 ನಿಮಿಷದ ಎರಡು ಅವಧಿಗಳನ್ನು ಒಂದೇ ಏಳು ಮಂದಿ ಪದೇಪದೇ ಆಡಿದರೆ ಕೊನೆಯ ಹತ್ತು ನಿಮಿಷದಲ್ಲಿ ಕಾಲು ಸೋಲುತ್ತದೆ, ಕೈ ತಡವಾಗುತ್ತದೆ. ನಾಕೌಟ್‌ಗೆ ಬೇಕಾದದ್ದೂ ಬೆಂಚೇ.

ಮೂರನೆಯದು, ಹಳ್ಳಿ ಕಾಲೇಜಿನಲ್ಲಿ ಜನವೇ ಇಲ್ಲ, ಆಳ ಎಲ್ಲಿಂದ ತರುವುದು ಎಂಬ ಮಾತು. ಜನ ಇದ್ದ ಮಾತ್ರಕ್ಕೆ ಈ ಚಿಂತೆ ತಪ್ಪದು ಎಂಬುದಕ್ಕೆ ಅಮೆರಿಕದ ಕಾಲೇಜು ಫುಟ್‌ಬಾಲ್ ಸಾಕ್ಷಿ. ಅಲ್ಲಿ ಒಮ್ಮೆಗೆ 11 ಮಂದಿ ಆಡುತ್ತಾರೆ. ದೊಡ್ಡ ವಿಶ್ವವಿದ್ಯಾಲಯಗಳ ತಂಡಕ್ಕೆ ದಶಕಗಳ ಕಾಲ 85 ವಿದ್ಯಾರ್ಥಿವೇತನಗಳ ಮಿತಿ ಇತ್ತು. 2025ರಿಂದ ತಂಡದಲ್ಲಿ 105 ಮಂದಿಯವರೆಗೆ ಇರಬಹುದು ಎಂಬ ನಿಯಮ ಬಂದಿದೆ. ಅಷ್ಟಿದ್ದೂ ತರಬೇತುದಾರ ಬದಲಾದಾಗ ಆಟಗಾರರು ಬೇರೆ ವಿಶ್ವವಿದ್ಯಾಲಯಕ್ಕೆ ವಲಸೆ ಹೋಗುತ್ತಾರೆ, ಹೊಸ ತರಬೇತುದಾರರು ಯಾವ ಜಾಗಕ್ಕೆ ಎರಡನೆಯವನಿಲ್ಲ ಎಂದು ಹುಡುಕುತ್ತಾ ಕೂರುತ್ತಾರೆ. ನಮ್ಮಲ್ಲಿ ಬೇಕಿರುವುದು ನೂರು ಮಂದಿಯಲ್ಲ, ಎರಡೆರಡು ಜಾಗ ಬಲ್ಲ 12 ಮಂದಿ.

ಮಾಡಬಹುದಾದದ್ದು

ಇದಕ್ಕೆ ದೊಡ್ಡ ಹಣ ಬೇಡ, ಕ್ರಮ ಬೇಕು. ಪ್ರತಿ ಹಿಡಿತಗಾರನೂ ತನ್ನ ಜಾಗದ ಜೊತೆ ಇನ್ನೊಂದು ಜಾಗ ಕಲಿಯಲಿ. ಅಭ್ಯಾಸದಲ್ಲಿ ಗಟ್ಟಿ ಏಳು ಮಂದಿ ಒಂದು ಕಡೆ, ಉಳಿದವರು ಇನ್ನೊಂದು ಕಡೆ ಎಂದು ಒಡೆಯದೆ, ಜೋಡಿಗಳನ್ನು ಬೆರೆಸಿ ಆಡಿಸಲಿ. ಅಭ್ಯಾಸ ಪಂದ್ಯದ ಕೊನೆಯ ಹತ್ತು ನಿಮಿಷ ಮುಖ್ಯ ರೈಡರ್‌ನನ್ನು ಬೇಕೆಂದೇ ಹೊರಗೆ ಕೂರಿಸಲಿ. ಆಗ ಎರಡನೆಯವನು, ಮೂರನೆಯವನು ಒತ್ತಡದಲ್ಲಿ ಅಂಕ ತರುವುದನ್ನು ಕಲಿಯುತ್ತಾರೆ. ಯಾರು ಯಾವ ಜಾಗದಲ್ಲಿ ಎಷ್ಟು ಹೊತ್ತು ಆಡಿದರು, ತೂಕ ಎಷ್ಟು, ಎಲ್ಲಿ ಪೆಟ್ಟು ಎಂಬುದಕ್ಕೆ ಒಂದು ನೋಟ್‌ಬುಕ್ ಇರಲಿ. ರಾಶಿ, ಬಿತ್ತನೆಯ ದಿನಗಳನ್ನು ಹುಡುಗರಿಂದಲೇ ಕೇಳಿ ಬರೆದುಕೊಂಡು, ಅಭ್ಯಾಸವನ್ನು ಆ ವಾರಗಳಲ್ಲಿ ಬೆಳಿಗ್ಗೆಗೆ ಸರಿಸಲಿ. ಪಿಯು ಕಾಲೇಜು, ಹೈಸ್ಕೂಲು, ಊರಿನ ಯುವಕ ಸಂಘಗಳ ಆಟ ನೋಡಿ ಬರುವ ವರ್ಷದವರನ್ನು ಈ ವರ್ಷವೇ ಗುರುತಿಸಲಿ. ಬೆಂಚಿನವರು ಬೇಸತ್ತು ಬಿಟ್ಟುಹೋಗುತ್ತಾರೆಂಬ ಭಯಕ್ಕೂ ಇದೇ ಮದ್ದು: ತನ್ನ ಸರದಿ ಯಾವಾಗ ಬರುತ್ತದೆ ಎಂದು ಗೊತ್ತಿರುವ ಹುಡುಗ ಕಾಯುತ್ತಾನೆ, ಗೊತ್ತಿಲ್ಲದವನು ಎದ್ದುಹೋಗುತ್ತಾನೆ.

ಕಾಲೇಜುಗಳೂ ತಮ್ಮ ಅಳತೆಗೋಲು ಬದಲಿಸಬೇಕು. ಬಹುತೇಕ ಕಡೆ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು ಎಲ್ಲ ಆಟಗಳನ್ನೂ ನೋಡಿಕೊಳ್ಳುತ್ತಾರೆ. ಹೊಸಬರನ್ನು ಮೊದಲ ವರ್ಷದ ಕಪ್ಪಿನಿಂದ ಅಳೆದರೆ ಅವರು ಕೊನೆಯ ವರ್ಷದವರನ್ನೇ ನೆಚ್ಚಿ ಆಡಿಸುತ್ತಾರೆ, ಮುಂದಿನವರಿಗೆ ಬರಿ ಪಟ್ಟಿ ಬಿಟ್ಟುಹೋಗುತ್ತಾರೆ. ವರ್ಷದ ಕೊನೆಗೆ ಆಡಳಿತ ಮಂಡಳಿ ಕೇಳಬೇಕಾದ ಪ್ರಶ್ನೆ ಬೇರೆ: ಈ ವರ್ಷ ಮೊದಲ ಸಲ ಪೂರ್ತಿ ಪಂದ್ಯ ಆಡಿದ ಪ್ರಥಮ ಮತ್ತು ದ್ವಿತೀಯ ವರ್ಷದವರು ಎಷ್ಟು ಮಂದಿ? ಈ ಪ್ರಶ್ನೆ ಪ್ರತಿ ವರ್ಷ ಎದುರಾಗುತ್ತದೆ ಎಂದು ಗೊತ್ತಿದ್ದರೆ ತರಬೇತುದಾರರು ಬೆಂಚಿನವರನ್ನು ಮರೆಯುವುದಿಲ್ಲ, ಅವರ ನಂತರ ಬರುವವರಿಗೂ ಆಡಿ ಪಳಗಿದ ತಂಡವೇ ಸಿಗುತ್ತದೆ.