ವಿಮಾನ ನಿಮ್ಮದು, ಬೀಳೋ ಜಾಗ ಯಾರದು?

ಒಂದು ಲೆಕ್ಕದಿಂದ ಶುರು ಮಾಡೋಣ. ಇಪ್ಪತ್ತು ಕೆಜಿ ತೂಕದ ಒಂದು ವಸ್ತು. ಗಂಟೆಗೆ 300 ಕಿಲೋಮೀಟರ್ ವೇಗ. ಅದು ಹೋಗಿ ಎಲ್ಲಾದರೂ ಬಡಿದರೆ ಏಟು ಎಷ್ಟು ಜೋರಾಗಿರುತ್ತೆ? ಹೈಸ್ಕೂಲಿನ ಫಿಸಿಕ್ಸ್ ಸಾಕು. ಒಂದು ಟನ್ ತೂಕದ ಕಾರು ಗಂಟೆಗೆ ಸುಮಾರು 42 ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದಿದರೆ ಎಷ್ಟು ಶಕ್ತಿಯೋ, ಇಲ್ಲೂ ಅಷ್ಟೇ.

ಈಗ ಹೇಳ್ತೀನಿ. ಆ ಇಪ್ಪತ್ತು ಕೆಜಿ ವಸ್ತು ಕ್ಷಿಪಣಿ ಅಲ್ಲ, ಡಿಫೆನ್ಸ್‌ನವರ ಡ್ರೋನೂ ಅಲ್ಲ. ಜನ ಅದನ್ನ ಆಟಿಕೆ ಅಂತಾರೆ. ಭಾನುವಾರ ಬೆಳಗ್ಗೆ ಮೈದಾನಕ್ಕೆ ಕಾರಿನ ಹಿಂದೆ ಹಾಕ್ಕೊಂಡು ಹೋಗಿ, ಕೈಯಲ್ಲಿ ರಿಮೋಟ್ ಹಿಡಿದು ಹಾರಿಸೋ ಮಾಡೆಲ್ ವಿಮಾನ.

ಮಾಡೆಲ್ ವಿಮಾನ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಥರ್ಮೋಕೋಲಿನ ರೆಕ್ಕೆ, ಮುಂದೆ ಗಿರಗಿರ ತಿರುಗೋ ಪುಟ್ಟ ಫ್ಯಾನು. ಅದು ಬೇರೆ. ನಾನು ಹೇಳ್ತಿರೋದು ನಿಜವಾದ ಜೆಟ್ ಎಂಜಿನ್ ಇರೋ ಮಾಡೆಲ್. ಎಂಜಿನ್ ಗಾತ್ರ ಒಂದು ಫ್ಲಾಸ್ಕಿನಷ್ಟು. ಆದರೆ ಒಳಗಿನ ವ್ಯವಸ್ಥೆ ದೊಡ್ಡ ವಿಮಾನದ್ದೇ. ಮುಂದಿನಿಂದ ಗಾಳಿ ಎಳೆದು ಒತ್ತುತ್ತೆ, ಮಧ್ಯದಲ್ಲಿ ಇಂಧನ ಉರಿಯುತ್ತೆ, ಬಿಸಿ ಗಾಳಿ ಹಿಂದಿನ ಚಕ್ರವನ್ನ ತಿರುಗಿಸಿಕೊಂಡು ಹೊರಗೆ ಚಿಮ್ಮುತ್ತೆ. ಆ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತೆ. ಹಿಂದಿನಿಂದ ಬರೋ ಗಾಳಿಯ ಬಿಸಿ ಐನೂರು ಡಿಗ್ರಿ ದಾಟುತ್ತೆ. ಇಂಧನ? ಸೀಮೆಎಣ್ಣೆ. ಅದಕ್ಕೆ ಸ್ವಲ್ಪ ಟರ್ಬೈನ್ ಆಯಿಲ್ ಬೆರೆಸ್ತಾರೆ. ಒಂದು ಹಾರಾಟಕ್ಕೆ ಎರಡು ಮೂರು ಲೀಟರ್ ಖಾಲಿ. ಹಾರೋದು ಹೆಚ್ಚೂಕಮ್ಮಿ ಹತ್ತು ನಿಮಿಷ.

ಇನ್ನು ಬೆಲೆ. ಎಂಜಿನ್ ಒಂದಕ್ಕೇ ಎರಡು ಸಾವಿರದಿಂದ ಐದು ಸಾವಿರ ಡಾಲರ್. ಅದರ ಮೇಲೆ ಫೈಬರ್ ಮೈ, ಮಡಚೋ ಚಕ್ರ, ಹತ್ತಾರು ಸಣ್ಣ ಮೋಟಾರು, ರೇಡಿಯೋ. ಎಲ್ಲಾ ಸೇರಿದರೆ ಹತ್ತು ಸಾವಿರ ಡಾಲರ್ ಸಲೀಸಾಗಿ ದಾಟುತ್ತೆ. ಇಪ್ಪತ್ತು ಸಾವಿರ ಆದರೂ ಯಾರೂ ಹುಬ್ಬೇರಿಸಲ್ಲ. ನಮ್ಮ ರೂಪಾಯಿ ಲೆಕ್ಕದಲ್ಲಿ ಒಂದು ಒಳ್ಳೆ ಕಾರಿನ ದುಡ್ಡು. ಆ ಕಾರಿಗೆ ಬ್ರೇಕ್ ಇರುತ್ತೆ. ಈ ಕಾರು ಆಕಾಶದಲ್ಲಿ ಇರುತ್ತೆ.

ಇಷ್ಟು ದುಡ್ಡು ಹಾಕಿದವನು ಮೊದಲು ಕೇಳೋ ಪ್ರಶ್ನೆ ಯಾವುದು? "ಇದು ಬಿದ್ದು ಪುಡಿಯಾದರೆ ಇನ್ಶೂರೆನ್ಸ್ ಬರುತ್ತಾ?"

ಸಹಜವಾದ ಪ್ರಶ್ನೆ. ಆದರೆ ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ ಬೇರೆ ಇದೆ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಇದಕ್ಕೇ ಉತ್ತರ ಹೇಳಿಬಿಡ್ತೀನಿ.

ಈ ಹವ್ಯಾಸ ದೊಡ್ಡದಾಗಿ ಬೆಳೆದಿರೋದು ಅಮೆರಿಕದಲ್ಲಿ, ಯುರೋಪಿನಲ್ಲಿ. ಅಮೆರಿಕದವನೊಬ್ಬನ ಹತ್ತಿರ ಇಂಥ ವಿಮಾನ ಇದೆ ಅಂತ ಇಟ್ಕೊಳ್ಳಿ. ಅವನ ಕೈಯಲ್ಲಿ ಸಾಮಾನ್ಯವಾಗಿ ಎರಡು ರಕ್ಷಣೆ ಇರುತ್ತೆ. ಒಂದು, ಅವನ ಮನೆ ಇನ್ಶೂರೆನ್ಸ್. ಅಲ್ಲಿ ಮನೆ ಸಾಲ ತಗೊಂಡವರು ಇದನ್ನ ಮಾಡಿಸಲೇಬೇಕು ಅಂತ ಬ್ಯಾಂಕುಗಳೇ ಹಠ ಹಿಡೀತವೆ. ಎರಡು, ಅವನ ಸಂಘದ ಇನ್ಶೂರೆನ್ಸ್. ಅಲ್ಲಿ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ ಅಂತ ಒಂದು ಸಂಸ್ಥೆ ಇದೆ. ಚಿಕ್ಕದಾಗಿ ಎಎಂಎ. 1936ರಲ್ಲಿ ಹುಟ್ಟಿದ್ದು. ಇಂಡಿಯಾನಾ ರಾಜ್ಯದ ಮನ್ಸಿಯಲ್ಲಿ ಅದರ ಕಚೇರಿ.

ಮೊದಲು ಮನೆ ಪಾಲಿಸಿ ನೋಡಿ. ಅಲ್ಲಿ ಬಹಳ ಕಂಪನಿಗಳು ಬಳಸೋ ಮಾದರಿ ಪಾಲಿಸಿಯಲ್ಲಿ ಒಂದು ಸ್ವಾರಸ್ಯದ ಸಾಲಿದೆ. ವಿಮಾನಕ್ಕೆ ಈ ಪಾಲಿಸಿಯಲ್ಲಿ ರಕ್ಷಣೆ ಇಲ್ಲ ಅಂತ ಖಡಾಖಂಡಿತವಾಗಿ ಹೇಳುತ್ತೆ. ಹೇಳಿದ ಕೂಡಲೇ ಒಂದು ವಿನಾಯಿತಿ ಕೊಡುತ್ತೆ. ಮನುಷ್ಯರನ್ನಾಗಲಿ ಸರಕನ್ನಾಗಲಿ ಹೊರದ, ಹವ್ಯಾಸದ ಮಾಡೆಲ್ ವಿಮಾನ ಈ ಮಾತಿಗೆ ಸೇರಲ್ಲ ಅನ್ನುತ್ತೆ. ಅಂದ್ರೆ ಮಾಡೆಲ್ ವಿಮಾನ ಮನೆಯಲ್ಲಿರೋ ಟಿವಿ, ಸೋಫಾ ಥರ ಒಂದು ಸಾಮಾನು.

ಅಬ್ಬಾ, ಬಚಾವ್ ಅಂತೀರಾ? ತಾಳಿ. ಮನೆ ಸಾಮಾನಿಗೆ ಆ ಪಾಲಿಸಿ ದುಡ್ಡು ಕೊಡೋದು ಪಟ್ಟಿ ಮಾಡಿದ ಕಾರಣಗಳಿಗೆ ಮಾತ್ರ. ಬೆಂಕಿ, ಕಳ್ಳತನ, ಬಿರುಗಾಳಿ, ಹೀಗೆ. ಗ್ಯಾರೇಜಿನಲ್ಲಿಟ್ಟ ವಿಮಾನವನ್ನ ಕಳ್ಳ ಹೊತ್ತುಕೊಂಡು ಹೋದರೆ ಕ್ಲೈಮ್ ಮಾಡಬಹುದು. ಮನೆಗೆ ಬೆಂಕಿ ಬಿದ್ದು ಸುಟ್ಟರೆ ಮಾಡಬಹುದು. ಆದರೆ ಹಾರಿಸೋವಾಗ ಕೈತಪ್ಪಿ ನೆಲಕ್ಕೆ ಬಡಿದರೆ? ಆ ಪಟ್ಟಿಯಲ್ಲಿ "ಮಾಲೀಕನ ಕೈಚಳಕ ಸಾಲದೇ ಹೋದದ್ದು" ಅನ್ನೋ ಕಾರಣ ಇಲ್ಲ. ಒಂದು ಪೈಸೆ ಬರಲ್ಲ.

ಎಎಂಎ ಪಾಲಿಸಿಯೂ ಅಷ್ಟೇ. ಅದರಲ್ಲಿ ದೊಡ್ಡ ಮೊತ್ತ ಇರೋದು 25 ಲಕ್ಷ ಡಾಲರ್. ಆದರೆ ಅದು ನಿಮ್ಮ ವಿಮಾನಕ್ಕಲ್ಲ. ನಿಮ್ಮ ವಿಮಾನದಿಂದ ಬೇರೆಯವರಿಗೆ ಆಗೋ ಹಾನಿಗೆ.

ಹಾಗಾದರೆ ಬೀಳೋ ವಿಮಾನಕ್ಕೆ ವಿಮೆ ಕೊಡೋಕೆ ಕಂಪನಿಗಳು ಯಾಕೆ ಹಿಂದೇಟು ಹಾಕ್ತವೆ? ಇನ್ಶೂರೆನ್ಸ್ ಅನ್ನೋ ವ್ಯಾಪಾರ ಹೇಗೆ ನಡೆಯುತ್ತೆ ಅಂತ ತಿಳಿದರೆ ಇದು ಅರ್ಥ ಆಗುತ್ತೆ. ಸಾವಿರ ಜನ ತಲಾ ಸ್ವಲ್ಪ ದುಡ್ಡು ಹಾಕ್ತಾರೆ. ಅದರಲ್ಲಿ ಒಬ್ಬಿಬ್ಬರಿಗೆ ಕಷ್ಟ ಬರುತ್ತೆ. ಎಲ್ಲರ ದುಡ್ಡು ಆ ಒಬ್ಬಿಬ್ಬರಿಗೆ ಹೋಗುತ್ತೆ. ಲೆಕ್ಕ ಸರಿಹೋಗೋದು ಹಾಗೆ. ಆದರೆ ಟರ್ಬೈನ್ ಮಾಡೆಲ್ ಇಟ್ಟಿರೋರು ಎಲ್ಲಾ ಸೇರಿದರೂ ಬೆರಳೆಣಿಕೆ. ಅವರಲ್ಲಿ ಬೀಳಿಸದೇ ಇರೋರು ಇನ್ನೂ ಕಮ್ಮಿ. ಎಲ್ಲರ ಮನೆಗೂ ಬೆಂಕಿ ಬೀಳೋ ಊರಲ್ಲಿ ಬೆಂಕಿ ವಿಮೆ ಯಾರು ಮಾರ್ತಾರೆ ಹೇಳಿ?

ಇನ್ನೊಂದು ಕಾರಣ ಇದೆ. ಬಿದ್ದರೆ ಕಂಪನಿ ಹೊಸದು ಕೊಡಿಸುತ್ತೆ ಅಂತ ಗೊತ್ತಾದರೆ ಮನುಷ್ಯ ಇನ್ನೊಂದು ಪಲ್ಟಿ ಹೊಡೆಸೋಣ ಅಂತಾನೆ. ಇನ್ನೂ ಸ್ವಲ್ಪ ಕೆಳಗೆ ತರೋಣ ಅಂತಾನೆ. ತನ್ನದೇ ಜೇಬಿನ ದುಡ್ಡಾದರೆ ಕೈ ಹಿಡಿತದಲ್ಲಿರುತ್ತೆ. ಆದ್ದರಿಂದ ಹಾರಾಟದ ನಷ್ಟವನ್ನೂ ಬರೆದುಕೊಡೋ ಪಾಲಿಸಿ ಯಾರಾದರೂ ಕೊಟ್ಟರೆ, ಪ್ರೀಮಿಯಂ ಮತ್ತು ಷರತ್ತು ಎರಡನ್ನೂ ಕನ್ನಡಕ ಹಾಕ್ಕೊಂಡು ಓದಬೇಕು. ಅನುಭವ ಇರೋ ಹವ್ಯಾಸಿಗಳು ಹೇಳೋ ಮಾತು ಒಂದೇ. ಕಳಕೊಂಡರೆ ನಿದ್ದೆ ಬರಲ್ಲ ಅನ್ನೋಷ್ಟು ದುಡ್ಡನ್ನ ಆಕಾಶಕ್ಕೆ ಕಳಿಸಬೇಡಿ.

ಸರಿ, ಈಗ ಆ ಮೊದಲನೇ ಪ್ರಶ್ನೆ. ವಿಮಾನ ಬಿದ್ದರೆ ನನಗೆ ಎಷ್ಟು ನಷ್ಟ ಅಂತ ಅಲ್ಲ. ವಿಮಾನ ಬಿದ್ದರೆ ಯಾರ ಮೇಲೆ ಬೀಳುತ್ತೆ?

ಈ ಜೆಟ್‌ಗಳು ಬೀಳೋಕೆ ದೊಡ್ಡ ಕಾರಣ ಬೇಕಿಲ್ಲ. ಎಂಜಿನ್ ಗಾಳಿಯಲ್ಲೇ ಆರಿಹೋಗಬಹುದು. ಆಗ ಭಾರದ ವಿಮಾನ ಗಾಳಿಪಟದ ಹಾಗೆ ತೇಲಿಕೊಂಡು ಬರಲ್ಲ, ವೇಗವಾಗಿ ಇಳಿಯುತ್ತೆ. ರೆಕ್ಕೆ ತಿರುಗಿಸೋ ಒಂದು ಸಣ್ಣ ಮೋಟಾರು ಕೈಕೊಡಬಹುದು. ರೇಡಿಯೋ ಸಂಪರ್ಕ ಕಡಿದುಹೋಗಬಹುದು. ದೂರ ಹೋದ ವಿಮಾನ ಬರ್ತಾ ಇದೆಯೋ ಹೋಗ್ತಾ ಇದೆಯೋ ಅಂತ ಕಣ್ಣಿಗೆ ಗೊತ್ತಾಗದೇ ಇರಬಹುದು. ಗಂಟೆಗೆ 300 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಎಂಬತ್ತಮೂರು ಮೀಟರ್. ನೀವು ಕಣ್ಣು ಮಿಟುಕಿಸಿ, ಅಯ್ಯೋ ಅನ್ನೋ ಹೊತ್ತಿಗೆ ಅದು ಮೈದಾನ ದಾಟಿರುತ್ತೆ. ಇನ್ನೊಂದು ವಿಷಯ. ಲ್ಯಾಂಡಿಂಗ್ ಸರಿಹೋಗಲ್ಲ ಅನ್ನಿಸಿ ಮತ್ತೆ ಮೇಲಕ್ಕೆ ಎತ್ತೋಣ ಅಂದರೆ ಟರ್ಬೈನ್ ಆ ಕ್ಷಣಕ್ಕೇ ಸ್ಪಂದಿಸಲ್ಲ. ಪೂರ್ತಿ ಶಕ್ತಿಗೆ ಏರೋಕೆ ಅದಕ್ಕೆ ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳಲ್ಲೇ ಎಷ್ಟೋ ವಿಮಾನ ಹೋಗಿವೆ.

ಬಿದ್ದಮೇಲೆ ಕಥೆ ಮುಗಿಯಲ್ಲ. ಟ್ಯಾಂಕ್ ಒಡೆದು ಸೀಮೆಎಣ್ಣೆ ಚೆಲ್ಲುತ್ತೆ. ಪಕ್ಕದಲ್ಲೇ ಕಾದ ಎಂಜಿನ್. ಕೆಳಗೆ ಒಣಹುಲ್ಲು. ಬೇಸಿಗೆಯಲ್ಲಿ ನಮ್ಮ ಬಂಡೀಪುರದ ಕಾಡು ಹೊತ್ತಿ ಉರಿಯೋದನ್ನ ನೋಡಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನೇ ಇದೆ. ನಿರ್ಲಕ್ಷ್ಯದಿಂದ ಕಾಡಿಗೆ ಬೆಂಕಿ ಹಚ್ಚಿದವನಿಂದ ಆ ಬೆಂಕಿ ಆರಿಸಿದ ಸರ್ಕಾರಿ ಖರ್ಚನ್ನೂ ವಸೂಲಿ ಮಾಡಬಹುದು. ಅದರ ಮುಂದೆ ಹತ್ತು ಸಾವಿರ ಡಾಲರ್ ವಿಮಾನ ಯಾವ ಲೆಕ್ಕ?

ಆದ್ದರಿಂದಲೇ ಎಎಂಎ 25 ಲಕ್ಷ ಡಾಲರ್ ರಕ್ಷಣೆ ಕೊಡುತ್ತೆ. ಅದೂ ಸದಸ್ಯತ್ವದ ವಾರ್ಷಿಕ ಹಣದಲ್ಲೇ. ಇಷ್ಟು ಅಗ್ಗಕ್ಕೆ ಹೇಗೆ ಸಾಧ್ಯ? ಒಂದು, ಸದಸ್ಯರು ತುಂಬಾ ಜನ. ಅವರಲ್ಲಿ ಬಹುಪಾಲು ಜನ ಹಾರಿಸೋದು ಸಣ್ಣ ವಿಮಾನ. ಎರಡು, ಶಿಸ್ತು. ಟರ್ಬೈನ್ ಹಾರಿಸೋರಿಗೆ ಅಲ್ಲಿ ಪ್ರತ್ಯೇಕ ಅನುಮತಿ ಬೇಕು. ನುರಿತವರ ಮುಂದೆ ಹಾರಿಸಿ ತೋರಿಸಬೇಕು. ವೇಗ ಗಂಟೆಗೆ 200 ಮೈಲಿ, ಅಂದ್ರೆ ಸುಮಾರು 320 ಕಿಲೋಮೀಟರ್ ಮೀರಬಾರದು. ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲೇ ಇರಬೇಕು. ಸಿಗ್ನಲ್ ಕಡಿದರೆ ಇಂಧನ ತಾನೇ ನಿಲ್ಲೋ ಹಾಗೆ ಮೊದಲೇ ಹೊಂದಿಸಿರಬೇಕು.

ಇಲ್ಲಿ ಸಣ್ಣ ಅಕ್ಷರದಲ್ಲಿರೋ ಎರಡು ಮಾತು ಗಮನಿಸಿ. ಮೊದಲನೇದು, ಈ ನಿಯಮ ಪಾಲಿಸಿ ಹಾರಿಸಿದವರಿಗೆ ಮಾತ್ರ ರಕ್ಷಣೆ. ಅನುಮತಿ ಇಲ್ಲದೇ ಹಾರಿಸಿ ಬೀಳಿಸಿ, ನಾನೂ ಸದಸ್ಯ ಅಂತ ಕಾರ್ಡು ತೋರಿಸಿದರೆ ಆಗಲ್ಲ. ಎರಡನೇದು, ಎಎಂಎ ಪಾಲಿಸಿ ಮುಂದೆ ನಿಲ್ಲಲ್ಲ, ಹಿಂದೆ ನಿಲ್ಲುತ್ತೆ. ಮೊದಲು ನಿಮ್ಮ ಮನೆ ಇನ್ಶೂರೆನ್ಸ್ ಕೊಡಬೇಕು. ಅದು ಮುಗಿದಮೇಲೆ, ಅಥವಾ ಅದು ಇಲ್ಲದಿದ್ದರೆ, ಇದು ಬರುತ್ತೆ.

ಬ್ರಿಟನ್ನಿನಲ್ಲಿ ಇದೇ ಥರದ ಸಂಘ ಬಿಎಂಎಫ್‌ಎ. ಅಲ್ಲಿ ಸದಸ್ಯರಿಗೆ ಸಿಗೋ ರಕ್ಷಣೆ ಎರಡೂವರೆ ಕೋಟಿ ಪೌಂಡ್. ಯುರೋಪಿಯನ್ ಒಕ್ಕೂಟದ 2004ರ ವಿಮಾನ ವಿಮೆ ನಿಯಮ 20 ಕೆಜಿಗಿಂತ ಕಡಿಮೆ ತೂಕದ ಮಾಡೆಲ್‌ಗಳನ್ನ ಕೈಬಿಟ್ಟಿದೆ. ಆದರೆ ಜರ್ಮನಿ ಒಂದು ಹೆಜ್ಜೆ ಮುಂದೆ ಹೋಯ್ತು. ಮಾಡೆಲ್ ಎಷ್ಟೇ ಚಿಕ್ಕದಿರಲಿ, ಬೇರೆಯವರ ಹಾನಿಗೆ ವಿಮೆ ಇಲ್ಲದೇ ಹಾರಿಸೋ ಹಾಗಿಲ್ಲ ಅಂತ ಕಾನೂನು ಮಾಡಿತು. ಈ ಪುಟ್ಟ ಟರ್ಬೈನ್‌ಗಳನ್ನ ತಯಾರಿಸೋದರಲ್ಲಿ ಮೊದಲಿಂದ ಹೆಸರು ಮಾಡಿರೋ ದೇಶ ಅದು. ಅದರ ಬಿಸಿ ಅವರಿಗೆ ಚೆನ್ನಾಗಿ ಗೊತ್ತು.

ಈಗ ನೀವು ಕೇಳಬಹುದು. ಅಲ್ಲಾ ಸಾರ್, ಶ್ರೀಮಂತರ ಆಟ, ಬೇರೆ ದೇಶದ ಮಾತು, ನಮಗ್ಯಾಕೆ?

ನಮಗೂ ಇದೆ. 2021ರ ಆಗಸ್ಟ್ 25ರಂದು ಕೇಂದ್ರ ಸರ್ಕಾರ ಡ್ರೋನ್ ನಿಯಮಗಳನ್ನ ಜಾರಿಗೆ ತಂತು. ಡ್ರೋನ್ ಅಂದ ಕೂಡಲೇ ಮದುವೆ ಮನೆಯಲ್ಲಿ ಫೋಟೋ ತೆಗೆಯೋ ನಾಲ್ಕು ಫ್ಯಾನಿನ ಯಂತ್ರ ಮಾತ್ರ ಅಂದ್ಕೋಬೇಡಿ. 25 ಕೆಜಿ ಮೀರದ, ಕಲಿಕೆಗೋ ಸಂಶೋಧನೆಗೋ ಮನರಂಜನೆಗೋ ಕಣ್ಣಳತೆಯಲ್ಲೇ ಹಾರಿಸೋ ಮಾಡೆಲ್ ವಿಮಾನಗಳೂ ಆ ನಿಯಮದ ಒಳಗೇ ಬರ್ತವೆ. ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ. ಮಾನವರಹಿತ ವಿಮಾನಗಳ ಥರ್ಡ್ ಪಾರ್ಟಿ ವಿಮೆಗೂ, ಅದರಿಂದ ಆಗೋ ಪ್ರಾಣಹಾನಿ, ಆಸ್ತಿಹಾನಿಯ ಪರಿಹಾರಕ್ಕೂ 1988ರ ಮೋಟಾರು ವಾಹನ ಕಾಯ್ದೆಯೇ ಅಗತ್ಯ ಬದಲಾವಣೆಗಳೊಂದಿಗೆ ಅನ್ವಯ ಆಗುತ್ತೆ. ವಿನಾಯಿತಿ ಇರೋದು 250 ಗ್ರಾಂವರೆಗಿನ ಪುಟಾಣಿಗಳಿಗೆ ಮಾತ್ರ.

ಅರ್ಥ ಆಯ್ತಾ? ನಿಮ್ಮ ಸ್ಕೂಟರಿಗೆ ಯಾವ ಕಾನೂನೋ, ಹಾರೋ ಮಾಡೆಲ್‌ಗೂ ಅದೇ ಕಾನೂನು. ಜೊತೆಗೆ ಎಲ್ಲಿ ಹಾರಿಸಬಹುದು, ಎಲ್ಲಿ ಹಾರಿಸಬಾರದು ಅಂತ ಕೆಂಪು, ಹಳದಿ, ಹಸಿರು ವಲಯಗಳ ನಕ್ಷೆ ಇದೆ. ಬೆಂಗಳೂರಿನಲ್ಲಂತೂ ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಯಲಹಂಕ, ಜಕ್ಕೂರು ಅಂತ ನಾಲ್ಕು ಕಡೆ ರನ್‌ವೇ. ಮೈದಾನ ಖಾಲಿ ಇದೆ ಅಂದ ಮಾತ್ರಕ್ಕೆ ಆಕಾಶ ಖಾಲಿ ಇರಲ್ಲ.

ಈಗ ನಮ್ಮ ಮನೆಗೆ ಬನ್ನಿ. ನಮ್ಮಲ್ಲಿ ಟರ್ಬೈನ್ ಜೆಟ್ ಇಟ್ಟಿರೋರು ಎಷ್ಟು ಜನ? ಬಿಡಿ. ಬೈಕ್ ಇಟ್ಟಿರೋರು ಎಷ್ಟು ಜನ? ಥರ್ಡ್ ಪಾರ್ಟಿ ಇನ್ಶೂರೆನ್ಸ್ ಅಂದ್ರೆ ನಮಗೆ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಾಕಿದಾಗ ತೋರಿಸೋ ಕಾಗದ. ಫುಲ್ ಇನ್ಶೂರೆನ್ಸ್ ಮಾಡಿಸೋಕೆ ಹೊಸ ಗಾಡಿ ಮೇಲಿನ ಪ್ರೀತಿ ಸಾಕು. ಗಾಡಿ ಹಳೇದಾದ ಮೇಲೆ "ಈ ಡಬ್ಬಾಕ್ಕೆ ಯಾಕೆ ಇನ್ಶೂರೆನ್ಸ್" ಅಂತೀವಿ. ಗಾಡಿ ಹಳೇದಾಯ್ತು, ಒಪ್ಪಿದೆ. ಎದುರಿಗೆ ಬರೋ ಮನುಷ್ಯನ ಜೀವವೂ ಹಳೇದಾಯ್ತಾ?

ಹಳೇ ಡಬ್ಬಾ ಬೈಕ್ ಗುದ್ದಿ ಒಬ್ಬ ದುಡಿಯೋ ಮನುಷ್ಯ ಕಾಲು ಕಳಕೊಂಡರೆ, ಆ ಮನೆ ಕೇಳೋ ಪರಿಹಾರಕ್ಕೂ ನಿಮ್ಮ ಬೈಕಿನ ಬೆಲೆಗೂ ಸಂಬಂಧ ಇಲ್ಲ. ವಿಮೆ ಇಲ್ಲದಿದ್ದರೆ ಆ ದುಡ್ಡು ನಿಮ್ಮ ಮನೆಯಿಂದ ಹೋಗುತ್ತೆ. ನಿಮ್ಮ ಹತ್ತಿರ ಇಲ್ಲದಿದ್ದರೆ ಆ ಮನೆಗೆ ಏನೂ ಸಿಗಲ್ಲ. ಎರಡು ಮನೆ ಬೀದಿಗೆ ಬರ್ತವೆ.

ಆದ್ದರಿಂದ ಯಾವ ಪಾಲಿಸಿ ಕೈಗೆ ಬಂದರೂ ನಾಲ್ಕು ಪ್ರಶ್ನೆ ಕೇಳಿ. ಇದು ಯಾರ ನಷ್ಟಕ್ಕೆ, ನನ್ನದಕ್ಕೋ ಬೇರೆಯವರದಕ್ಕೋ? ಯಾವ ಕಾರಣದ ನಷ್ಟಕ್ಕೆ? ನಾನು ಯಾವ ನಿಯಮ ಮುರಿದರೆ ಇದು ಕೈಕೊಡುತ್ತೆ? ಎರಡು ಪಾಲಿಸಿ ಇದ್ದರೆ ಮೊದಲು ಯಾರು ಕೊಡಬೇಕು? ಏಜೆಂಟ್ ಬಾಯಲ್ಲಿ ಹೇಳಿದ್ದು ಬೇಡ, ಕಾಗದದಲ್ಲಿ ತೋರಿಸಿ ಅನ್ನಿ. ವಿಮಾನ ಇರಲಿ, ಡ್ರೋನ್ ಇರಲಿ, ಸ್ಕೂಟರ್ ಇರಲಿ, ಇದೇ ನಾಲ್ಕು ಪ್ರಶ್ನೆ.

ಹತ್ತು ಸಾವಿರ ಡಾಲರ್ ವಿಮಾನ ಬಿದ್ದು ಪುಡಿಯಾದರೆ ಅದರ ಮಾಲೀಕ ಒಂದು ವಾರ ಊಟ ಬಿಡಬಹುದು. ಆಮೇಲೆ ಹೊಸದು ಕಟ್ಟುತ್ತಾನೆ. ಅದೇ ವಿಮಾನ ಬೇಲಿಯಾಚೆ ನಿಂತಿದ್ದ ಒಂದು ಮಗುವಿನ ಮೇಲೆ ಬಿದ್ದರೆ ಹೊಸದು ಕಟ್ಟೋಕೆ ಆಗಲ್ಲ. ಅದನ್ನ ಯಾವ ಇನ್ಶೂರೆನ್ಸೂ ವಾಪಸ್ ತರಲ್ಲ. ಅದಕ್ಕೇ ಆ ನಿಯಮ, ಆ ಅನುಮತಿ, ಆ ವೇಗದ ಮಿತಿ, ಪಕ್ಕದಲ್ಲಿ ಇಟ್ಟುಕೊಳ್ಳೋ ಆ ಸಿಲಿಂಡರ್. ವಿಮೆ ಬರೋದು ಅವೆಲ್ಲ ಆದಮೇಲೆ, ಕೊನೆಗೆ. ಇವತ್ತು ಮನೆಗೆ ಹೋದವರು ಬೀರು ತೆಗೆದು ನಿಮ್ಮ ಗಾಡಿಯ ಪಾಲಿಸಿ ಎಂದಿಗೆ ಮುಗಿಯುತ್ತೆ ಅಂತ ಒಮ್ಮೆ ನೋಡಿ.