ಬಿಸಿಲು ತಿರುಗಿಸುವ ಕಲ್ಲುಗಳು

ಹೊಸರಿತ್ತಿಯ ಸುತ್ತಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸಿ ಕಣದಲ್ಲಿ ಹರವುವ ದಿನಗಳಲ್ಲಿ ರೈತರು ಬಿಸಿಲಿನಿಂದ ಬಯಸುವುದು ಕಾವನ್ನು. ಕಾಯಿ ಗಲಗಲ ಅನ್ನುವಷ್ಟು ಒಣಗಬೇಕು, ಬಣ್ಣ ಕೆಡಬಾರದು, ಚೀಲ ತುಂಬಿ ಬ್ಯಾಡಗಿ ಮಾರುಕಟ್ಟೆಗೆ ಹೋಗಬೇಕು. ಅದೇ ಬಿಸಿಲು ಆ ಕಾಯಿಗಳನ್ನು ನೆಲದತ್ತ ನೂಕುತ್ತಲೂ ಇರುತ್ತದೆ. ಆ ನೂಕು ಯಾರ ಅನುಭವಕ್ಕೂ ಬರುವುದಿಲ್ಲ. ಒಂದು ಎಕರೆ ಜಾಗದ ಮೇಲೆ ನೆಟ್ಟಗೆ ಬೀಳುವ ಅಷ್ಟೂ ಬಿಸಿಲಿನ ನೂಕನ್ನು ಕೂಡಿಸಿದರೂ ಎರಡು ಗ್ರಾಂ ತೂಕ ಆಗುವುದಿಲ್ಲ. ಎರಡು ಮೂರು ಒಣ ಮೆಣಸಿನಕಾಯಿಯನ್ನು ಅಂಗೈ ಮೇಲೆ ಇಟ್ಟುಕೊಂಡಷ್ಟು ಭಾರ, ಅದೂ ಇಡೀ ಎಕರೆಗೆ.

ಬೆಳಕಿಗೆ ತೂಕವಿಲ್ಲ, ಆದರೆ ಸಂವೇಗವಿದೆ. ಭೂಮಿಯಷ್ಟು ದೂರದಲ್ಲಿ, ವಾತಾವರಣದ ಆಚೆ, ಒಂದು ಚದರ ಮೀಟರಿಗೆ ಸುಮಾರು 1,361 ವಾಟ್ ಸೂರ್ಯಶಕ್ತಿ ಬೀಳುತ್ತದೆ. ಅದನ್ನು ಪೂರ್ತಿ ಹೀರಿಕೊಳ್ಳುವ ಕಪ್ಪು ಮೈಯ ಮೇಲೆ ಆಗುವ ಒತ್ತಡ ಒಂದು ನ್ಯೂಟನ್ನಿನ ಹತ್ತು ಲಕ್ಷದಲ್ಲಿ ನಾಲ್ಕೂವರೆ ಭಾಗ. ಕನ್ನಡಿಯಂತೆ ಪೂರ್ತಿ ಪ್ರತಿಫಲಿಸಿದರೆ ಅದರ ಎರಡರಷ್ಟು. ನೆಲದ ಮೇಲೆ ಗಾಳಿ, ಘರ್ಷಣೆ, ಗುರುತ್ವಗಳ ನಡುವೆ ಇದು ಲೆಕ್ಕಕ್ಕೇ ಸಿಗದು. ಅಂತರಿಕ್ಷದಲ್ಲಿ ಗಾಳಿಯೂ ಇಲ್ಲ, ಘರ್ಷಣೆಯೂ ಇಲ್ಲ. ಈ ನೂಕಿಗೆ ಎದುರು ನಿಲ್ಲುವವರೇ ಇಲ್ಲ. ಅದು ನಿಲ್ಲುವುದೂ ಇಲ್ಲ.

ಇದು ಕಾಗದದ ಮೇಲಿನ ಸಂಗತಿಯಲ್ಲ ಎಂದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ತನ್ನ ಮೊದಲ ವರ್ಷದಲ್ಲೇ ಕಂಡಿತು. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಉಪಗ್ರಹಕ್ಕೆ ಒಂದೇ ಮಗ್ಗುಲಲ್ಲಿ ಸೌರಫಲಕವಿತ್ತು. ಕಾರಣ ಸರಳ. ಮೋಡಗಳ ಚಿತ್ರ ತೆಗೆಯುವ ಉಪಕರಣದ ಅವಕೆಂಪು ಸಂವೇದಕ ವಿಪರೀತ ತಣ್ಣಗಿರಬೇಕು. ಅದನ್ನು ತಣ್ಣಗಿಡುವ ತಂಪುಗಾರಕ ಖಾಲಿ ಆಕಾಶವನ್ನೇ ನೋಡುತ್ತಿರಬೇಕು. ಆ ಮಗ್ಗುಲಲ್ಲಿ ಬಿಸಿಯಾದ ಫಲಕ ಚಾಚಿಕೊಂಡಿದ್ದರೆ ತಂಪು ಕೆಡುತ್ತದೆ. ಹಾಗಾಗಿ ಆ ಬದಿ ಬರಿದು, ಇನ್ನೊಂದು ಬದಿಗೆ ಅಗಲವಾದ ಫಲಕ. ಬಿಸಿಲು ಒಂದೇ ಬದಿಯನ್ನು ಹೆಚ್ಚು ನೂಕಿದರೆ ಉಪಗ್ರಹ ನಿಧಾನವಾಗಿ ಹೊರಳತೊಡಗುತ್ತದೆ. ಅದನ್ನು ಸರಿದೂಗಿಸಲು ಬರಿದಾದ ಬದಿಯಲ್ಲಿ ಉದ್ದನೆಯ ತೋಳಿನ ತುದಿಗೆ ಒಂದು ಸೌರಹಾಯಿ ಕಟ್ಟಿದ್ದರು. ದೋಣಿಗೆ ಗಾಳಿಯ ಹಾಯಿ, ಇದಕ್ಕೆ ಬಿಸಿಲಿನ ಹಾಯಿ. ಅದರ ಕೆಲಸ ಮುಂದೆ ಒಯ್ಯುವುದಲ್ಲ, ತಿರುಗದಂತೆ ತಡೆಯುವುದು.

ಆ ಹಾಯಿ ಬಿಚ್ಚಿಕೊಳ್ಳಲಿಲ್ಲ. ದಿಕ್ಕು ಕಾಯ್ದುಕೊಳ್ಳಲು ಇಂಧನವನ್ನು ಹೆಚ್ಚು ಹೆಚ್ಚಾಗಿ ಉರಿಸಬೇಕಾಯಿತು. ಏಳು ವರ್ಷ ದುಡಿಯಬೇಕಿದ್ದ ಉಪಗ್ರಹ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂಧನ ಮುಗಿದು ಕೈತಪ್ಪಿತು. ಬೇರೆ ತೊಂದರೆಗಳೂ ಅದಕ್ಕಿದ್ದವು. ಆದರೂ ಬಿಸಿಲಿನ ನೂಕು ಎಂಥದ್ದು ಎಂಬುದಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ದುಬಾರಿಯಾದ ಪಾಠ ನನಗೆ ಗೊತ್ತಿಲ್ಲ. ಮುಂದೆ ಬೆಂಗಳೂರಿನಲ್ಲಿ, ಈಗ ಯು. ಆರ್. ರಾವ್ ಹೆಸರು ಹೊತ್ತಿರುವ ಉಪಗ್ರಹ ಕೇಂದ್ರದಲ್ಲಿ, ನಮ್ಮವರೇ ಕಟ್ಟಿದ ಇನ್ಸಾಟ್-2ಎ 1992ರಲ್ಲಿ ಹಾರಿತು. ಅದಕ್ಕೂ ಹಾಯಿ ಇತ್ತು, 2003ರ ಇನ್ಸಾಟ್-3ಎಗೂ ಇತ್ತು. ಮಳೆಯನ್ನೇ ನಂಬಿದ ಹಾವೇರಿ, ರಾಣೆಬೆನ್ನೂರು ಸೀಮೆಯ ಜನ ದೂರದರ್ಶನದಲ್ಲಿ ನೋಡುತ್ತಿದ್ದ ಮೋಡದ ಚಿತ್ರಗಳ ಹಿಂದೆ ಬಿಸಿಲಿನ ಜೊತೆ ನಡೆಸಿದ ಈ ಸೆಣಸಾಟವಿತ್ತು. 2013ರಲ್ಲಿ ಹೊರಟ ಮಂಗಳಯಾನಕ್ಕೂ ಫಲಕಗಳಿದ್ದದ್ದು ಒಂದೇ ಬದಿಗೆ. ಅದರ ತಿರುಗುವಿಕೆಯ ಲೆಕ್ಕದಲ್ಲೂ ಬಿಸಿಲನ್ನು ಹಿಡಿಯಲೇಬೇಕಿತ್ತು.

ಉಪಗ್ರಹವನ್ನು ಕಾಯುವ ಎಂಜಿನಿಯರು ಹಾಸನದಲ್ಲಿದ್ದಾರೆ. ಸೂರ್ಯನ ಸುತ್ತ ಅಲೆಯುವ ಕ್ಷುದ್ರಗ್ರಹಗಳನ್ನು ಕಾಯುವವರು ಯಾರೂ ಇಲ್ಲ. ಅವಕ್ಕೆ ಹಾಯಿಯಿಲ್ಲ, ಇಂಧನವಿಲ್ಲ. ಇರುವುದು ಅಂಕುಡೊಂಕಾದ ಮೈ ಮತ್ತು ಲಕ್ಷಾಂತರ ವರ್ಷಗಳ ಬಿಸಿಲು.

ಮೊದಲು ಈ ದಾರಿಯಲ್ಲಿ ಯೋಚಿಸಿದವರು ರಷ್ಯಾದಲ್ಲಿ ಎಂಜಿನಿಯರಾಗಿದ್ದ ಇವಾನ್ ಯಾರ್ಕೋವ್‌ಸ್ಕಿ. ಅವರ ತರ್ಕಕ್ಕೆ ನಮ್ಮ ಸೀಮೆಯ ಬೇಸಿಗೆಯೇ ಸಾಕ್ಷಿ: ಸೂರ್ಯ ನೆತ್ತಿಗೆ ಬರುವ ಹೊತ್ತಿಗಿಂತ ಇಳಿಹೊತ್ತಿನ ಎರಡು ಮೂರು ಗಂಟೆಗೆ ಸೆಕೆ ಜಾಸ್ತಿ. ತಿರುಗುವ ಕಲ್ಲಿನ ಮೇಲೂ ಹಾಗೆಯೇ, ಮಧ್ಯಾಹ್ನ ದಾಟಿದ ಕಡೆ ಹೆಚ್ಚು ಬಿಸಿ. ಬಿಸಿಯಾದ ಕಡೆಯಿಂದ ಅವಕೆಂಪು ಕಿರಣ ಹೆಚ್ಚು ಹೊರಡುತ್ತದೆ, ಹೊರಡುವ ಕಿರಣ ಕಲ್ಲನ್ನು ಹಿಂದಕ್ಕೆ ಒದೆಯುತ್ತದೆ. ಕಲ್ಲು ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದರ ಮೇಲೆ ಅದರ ಕಕ್ಷೆ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಯಾರ್ಕೋವ್‌ಸ್ಕಿ ಇದನ್ನು ಕಳೆದ ಶತಮಾನದ ಮೊದಲಲ್ಲಿ ಒಂದು ಕಿರುಹೊತ್ತಿಗೆಯಲ್ಲಿ ಬರೆದರು. ಅದು ಬಹುಕಾಲ ಕಣ್ಮರೆಯಾಗಿತ್ತು. ಎಳೆಯ ವಯಸ್ಸಿನಲ್ಲಿ ಅದನ್ನು ಓದಿದ್ದ ಎಸ್ಟೋನಿಯಾದ ಖಗೋಳಶಾಸ್ತ್ರಿ ಅರ್ನ್‌ಸ್ಟ್ ಓಪಿಕ್ 1951ರಲ್ಲಿ ನೆನಪಿನಿಂದಲೇ ಅದನ್ನು ಉಲ್ಲೇಖಿಸಿ ಉಳಿಸಿದರು.

ಕಕ್ಷೆ ಸರಿಯುವುದು ಒಂದು ಮಾತು, ತಿರುಗುವ ವೇಗವೇ ಬದಲಾಗುವುದು ಇನ್ನೊಂದು. ನುಣ್ಣಗಿನ ಗುಂಡು ಕಲ್ಲಾದರೆ ಎಲ್ಲ ಕಡೆಯ ಒದೆತವೂ ಕೇಂದ್ರದತ್ತಲೇ ಸಾಗುತ್ತದೆ. ತಿರುಚುವ ಬಲ ಹುಟ್ಟುವುದಿಲ್ಲ. ಕಲ್ಲಿಗೆ ಓರೆಯಾದ ಮುಖಗಳಿದ್ದರೆ ಒದೆತ ಕೇಂದ್ರವನ್ನು ತಪ್ಪಿಸಿ ಪಕ್ಕಕ್ಕೆ ಬೀಳುತ್ತದೆ. ಕೆಲವು ಮುಖಗಳು ಬಲಕ್ಕೆ ತಿರುಚುತ್ತವೆ, ಕೆಲವು ಎಡಕ್ಕೆ. ಎರಡೂ ಸರಿಸಮ ಆಗುವುದು ಅಪರೂಪ. ಉಳಿದ ಅಷ್ಟಿಷ್ಟು ಬಲ ಸುತ್ತು ಸುತ್ತಿಗೂ ಜಮೆಯಾಗುತ್ತ ಹೋಗುತ್ತದೆ.

ಸೋವಿಯತ್ ವಿಜ್ಞಾನಿ ರಾಡ್ಝಿಯೆವ್‌ಸ್ಕಿ 1954ರಲ್ಲಿ ಕಲ್ಲಿನ ಮೈಬಣ್ಣದ ವ್ಯತ್ಯಾಸದಿಂದ ಹೀಗಾದೀತು ಎಂದಿದ್ದರು. ಬಣ್ಣಕ್ಕಿಂತ ಆಕಾರ ಮುಖ್ಯ ಎಂದು 1969ರಲ್ಲಿ ತೋರಿಸಿದವರು ಅಮೆರಿಕದ ಸ್ಟೀಫನ್ ಪ್ಯಾಡಕ್. ಈ ಸಾಲಿನಲ್ಲಿ ನನಗೆ ಬಹಳ ಹಿಡಿಸುವುದು ಅವರ ಹೆಜ್ಜೆಯೇ, ಯಾಕೆಂದರೆ ಅವರು ಮುರುಕು ಕಲ್ಲುಗಳನ್ನು ನೀರಿಗೆ ಬಿಟ್ಟು, ಮುಳುಗುತ್ತ ಅವು ಹೇಗೆ ತಿರುಗತೊಡಗುತ್ತವೆ ಎಂದು ನೋಡಿದರು. ಕೆಳಗಿನಿಂದ ಒತ್ತುವ ನೀರು ಬೆಳಕಿನ ಪಾತ್ರ ಮಾಡುತ್ತದೆ, ಕಲ್ಲಿನ ಓರೆ ಮುಖಗಳು ತಮ್ಮ ಪಾತ್ರವನ್ನೇ ಮಾಡುತ್ತವೆ. ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲದ ಹುಡುಗರು ಒಂದು ತೊಟ್ಟಿ ತಿಳಿನೀರು, ಒಂದು ಬುಟ್ಟಿ ಜಲ್ಲಿಕಲ್ಲು ಇಟ್ಟುಕೊಂಡು ಇದನ್ನು ಮಾಡಿ ನೋಡಬಹುದು. ವರದಾ ನದಿ ಉಜ್ಜಿ ನುಣುಪು ಮಾಡಿದ ಹರಳುಗಳನ್ನೂ ಜೊತೆಗೆ ಬಿಟ್ಟರೆ ವ್ಯತ್ಯಾಸ ಕಣ್ಣಿಗೇ ಕಂಡೀತು.

ಪ್ಯಾಡಕ್ ಅವರ ಜೊತೆಗಾರ ಜಾನ್ ಓ'ಕೀಫ್ ಕೂಡ ಈ ಕೆಲಸ ಮುಂದುವರಿಸಿದರು. 2000ದಲ್ಲಿ ಡೇವಿಡ್ ರೂಬಿನ್‌ಕಾಮ್ ನಾಲ್ವರ ಹೆಸರಿನ ಮೊದಲಕ್ಷರ ಜೋಡಿಸಿ ಇದನ್ನು ಯಾರ್ಪ್ ಪರಿಣಾಮ ಎಂದು ಕರೆದರು. ಪರಿಣಾಮ ಗಾತ್ರಕ್ಕೆ ತುಂಬ ಅಂಜುತ್ತದೆ: ಕಲ್ಲು ಹತ್ತು ಪಟ್ಟು ದೊಡ್ಡದಾದರೆ ವೇಗ ಬದಲಾಗುವ ದರ ನೂರು ಪಟ್ಟು ಕುಗ್ಗುತ್ತದೆ. 1866ರಲ್ಲಿ ಮದ್ರಾಸಿನ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಕಂಡುಹಿಡಿದ ಸಿಲ್ವಿಯಾ ಎಂಬ ಕ್ಷುದ್ರಗ್ರಹ 250 ಕಿಲೋಮೀಟರಿಗೂ ಅಗಲವಾದದ್ದು. ಅಂಥದ್ದನ್ನು ಬಿಸಿಲು ಅಲುಗಿಸಲಾರದು. ನೂರು, ಐನೂರು ಮೀಟರಿನ ಕಲ್ಲುಗಳು ಅದರ ಕೈಗೆ ಸಿಗುತ್ತವೆ.

ಆದರೂ ಇದನ್ನು ಅಳೆಯುವುದು ಹೇಗೆ? 2000ದ ಆಗಸ್ಟಿನಲ್ಲಿ ಸಿಕ್ಕ ನೂರು ಮೀಟರಿಗೆ ತುಸು ದೊಡ್ಡದಾದ ಒಂದು ಕಲ್ಲು 12 ನಿಮಿಷಕ್ಕೆ ಒಂದು ಸುತ್ತು ತಿರುಗುತ್ತಿತ್ತು. ಅದು ಸತತ ಕೆಲವು ವರ್ಷ ಭೂಮಿಯ ಹತ್ತಿರ ಬಂತು. 2001ರಿಂದ 2005ರವರೆಗೆ ದೂರದರ್ಶಕಗಳೂ ರೇಡಾರ್‌ಗಳೂ ಅದರ ಬೆನ್ನು ಹತ್ತಿದವು. ಸುತ್ತಿನ ಅವಧಿ ವರ್ಷಕ್ಕೆ ಕಡಿಮೆಯಾಗುತ್ತಿದ್ದದ್ದು ಸುಮಾರು ಒಂದು ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗ. ಒಂದು ಸುತ್ತನ್ನು ನೋಡಿ ಇದನ್ನು ಹಿಡಿಯಲು ಯಾರಿಂದಲೂ ಆಗದು. ಆದರೆ ಆ ಕಲ್ಲು ವರ್ಷಕ್ಕೆ 43,000ಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಎರಡನೆಯ ವರ್ಷದ ಪ್ರತಿ ಸುತ್ತೂ ಮೊದಲ ವರ್ಷದ್ದಕ್ಕಿಂತ ಚೂರು ಬೇಗ, ಮೂರನೆಯ ವರ್ಷದ್ದು ಅದಕ್ಕಿಂತ ಬೇಗ. ಈ ಚೂರುಗಳೆಲ್ಲ ಸೇರಿ ನಾಲ್ಕು ವರ್ಷದ ಕೊನೆಗೆ ಕಲ್ಲು ಇರಬೇಕಾದ ಜಾಗಕ್ಕಿಂತ ಅರ್ಧ ಸುತ್ತಿಗೂ ಹೆಚ್ಚು ಮುಂದೆ ಹೋಗಿತ್ತು. ಅರ್ಧ ಸುತ್ತು ತಪ್ಪಿದ್ದನ್ನು ಗುರುತಿಸದೆ ಇರುವುದೇ ಕಷ್ಟ. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಆ ಕಲ್ಲಿಗೆ ಯಾರ್ಪ್ ಎಂದೇ ಹೆಸರಾಯಿತು.

ಜಪಾನಿನ ಹಯಾಬುಸಾ ನೌಕೆ ಹೋಗಿಬಂದ ಇಟೊಕಾವಾ ಎಂಬ ಕ್ಷುದ್ರಗ್ರಹ ಇನ್ನೂ ಸ್ವಾರಸ್ಯದ್ದು. ಅದರ ಆಕಾರವನ್ನು ನೌಕೆ ಹತ್ತಿರದಿಂದ ಚಿತ್ರಿಸಿತ್ತು. ಆ ಆಕಾರ ಇಟ್ಟುಕೊಂಡು ಲೆಕ್ಕ ಹಾಕಿದರೆ ಅದರ ವೇಗ ತಗ್ಗಬೇಕು. ಅಳೆದು ನೋಡಿದಾಗ ವೇಗ ಹೆಚ್ಚುತ್ತಿದೆ: 12 ಗಂಟೆಯ ಸುತ್ತು ವರ್ಷಕ್ಕೆ ಸೆಕೆಂಡಿನ ನೂರರಲ್ಲಿ ನಾಲ್ಕೂವರೆ ಭಾಗ ಕಿರಿದಾಗುತ್ತಿದೆ. ಒಂದು ವಿವರಣೆಯ ಪ್ರಕಾರ ಅದರ ಎರಡು ತುದಿಗಳ ಸಾಂದ್ರತೆ ಬೇರೆ ಬೇರೆ, ಹಾಗಾಗಿ ತೂಕದ ಕೇಂದ್ರ ನಾವು ಊಹಿಸಿದ ಕಡೆ ಇಲ್ಲ. ತಿರುಗುವುದನ್ನು ಅಳೆದೇ ಕಲ್ಲಿನ ಹೊಟ್ಟೆಯೊಳಗಿನದನ್ನು ತಿಳಿಯಬಹುದು ಎಂಬುದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ.

ಇನ್ನೊಂದು ಒಗಟೂ ಇದೆ. ಆಕಾರವೊಂದೇ ಕಾರಣವಾದರೆ ಅರ್ಧದಷ್ಟು ಕಲ್ಲುಗಳು ನಿಧಾನವಾಗಬೇಕಿತ್ತು. ಇದುವರೆಗೆ ಖಚಿತವಾಗಿ ಅಳೆದವುಗಳಲ್ಲಿ ಬಹುತೇಕ ಎಲ್ಲವೂ ವೇಗ ಹೆಚ್ಚಿಸಿಕೊಳ್ಳುತ್ತಿವೆ. ಉಕ್ರೇನಿನ ಗೊಲುಬೊವ್ ಮತ್ತು ಕ್ರುಗ್ಲಿ 2012ರಲ್ಲಿ ಕೊಟ್ಟ ಉತ್ತರ ಮತ್ತೆ ಇಳಿಹೊತ್ತಿನ ಸೆಕೆಗೇ ಬರುತ್ತದೆ. ಕ್ಷುದ್ರಗ್ರಹದ ಮೈಮೇಲೆ ಬಿದ್ದಿರುವ ಗುಂಡುಗಳ ಮೂಡಣ ಮುಖಕ್ಕೆ ಬಿಸಿಲು ತಾಗುವಾಗ ಗುಂಡು ರಾತ್ರಿಯ ಚಳಿಯಲ್ಲಿ ತಣ್ಣಗಿರುತ್ತದೆ, ಬಂದ ಶಾಖವನ್ನು ಒಳಗೆಳೆದುಕೊಳ್ಳುತ್ತದೆ. ಪಡುವಣ ಮುಖಕ್ಕೆ ಬಿಸಿಲು ಬರುವ ಹೊತ್ತಿಗೆ ಗುಂಡು ಆಗಲೇ ಕಾದಿದೆ. ಆ ಮುಖ ಹೆಚ್ಚು ಶಾಖ ಉಗುಳುತ್ತದೆ, ಒದೆತ ಮೂಡಣದತ್ತ, ಅಂದರೆ ಕಲ್ಲು ತಿರುಗುತ್ತಿರುವ ದಿಕ್ಕಿಗೇ. ಇಡೀ ಗುಡ್ಡದ ಆಕಾರ ಏನೇ ಹೇಳಲಿ, ಮೇಲಿರುವ ಪುಡಿಗಲ್ಲುಗಳು ಅದನ್ನು ಮುಂದಕ್ಕೇ ನೂಕುತ್ತಿರುತ್ತವೆ.

ವೇಗ ಹೆಚ್ಚುತ್ತ ಹೋದರೆ ಕೊನೆಗೆ ಏನಾಗುತ್ತದೆ? ಬಹಳಷ್ಟು ಕ್ಷುದ್ರಗ್ರಹಗಳು ಗಟ್ಟಿ ಬಂಡೆಗಳಲ್ಲ, ತಮ್ಮ ಬಡಕಲು ಗುರುತ್ವದಿಂದ ಒಟ್ಟಿಗೆ ನಿಂತಿರುವ ಕಲ್ಲುರಾಶಿಗಳು. ಕೆಲವು ನೂರು ಮೀಟರಿಗಿಂತ ದೊಡ್ಡವುಗಳಲ್ಲಿ 2.2 ಗಂಟೆಗಿಂತ ಬೇಗ ಒಂದು ಸುತ್ತು ಮುಗಿಸುವವು ತೀರ ವಿರಳ. ಅಷ್ಟು ವೇಗದಲ್ಲಿ ನಡುವಿನ ಕಲ್ಲು ಮಣ್ಣಿಗೆ ನೆಲದ ಹಿಡಿತ ತಪ್ಪುತ್ತದೆ. ಧ್ರುವದ ಕಡೆಯಿಂದ ಮಣ್ಣು ಜಾರಿ ಸಮಭಾಜಕದಲ್ಲಿ ದಿಬ್ಬವಾಗುತ್ತದೆ. ಬೆನ್ನು ಮತ್ತು ರ್ಯುಗು ಎಂಬ ಎರಡು ಕ್ಷುದ್ರಗ್ರಹಗಳಿಗೂ ಬುಗುರಿಯಂಥ ಆ ಉಬ್ಬು ನಡು ಇದೆ. ಇನ್ನೂ ವೇಗವಾದರೆ ಉದುರಿದ್ದು ಸುತ್ತ ಸೇರಿ ಪುಟ್ಟ ಚಂದ್ರನಾಗಬಹುದು. 2022ರ ಸೆಪ್ಟೆಂಬರ್ 26ರಂದು ಡಾರ್ಟ್ ನೌಕೆ ಡಿಕ್ಕಿ ಹೊಡೆದ ಡೈಮಾರ್ಫಸ್ ಹೀಗೆ ಹುಟ್ಟಿರಬೇಕು ಎಂಬುದು ಬಲವಾದ ಊಹೆ. ಅದರ ಯಜಮಾನ ಡಿಡಿಮಾಸ್ 2.26 ಗಂಟೆಗೆ ಒಂದು ಸುತ್ತು ಹಾಕುತ್ತ ಅಂಚಿನಲ್ಲೇ ನಿಂತಿದೆ. 2013ರಲ್ಲಿ ಹಬಲ್ ದೂರದರ್ಶಕ ಒಂದು ಕ್ಷುದ್ರಗ್ರಹ ಡಿಕ್ಕಿಯಿಲ್ಲದೆ, ನಿಧಾನವಾಗಿ, ಹತ್ತಾರು ತುಂಡಾಗುವುದನ್ನು ಕಂಡಿತು. ಅದನ್ನು ಹೀಗೆ ಒಡೆದದ್ದು ಬಿಸಿಲಿನ ತಿರುಚೇ ಇರಬೇಕು ಎನ್ನುತ್ತಾರೆ.

ಹೀಗೆ ಒಡೆದ, ಡಿಕ್ಕಿಯಲ್ಲಿ ಸಿಡಿದ ಚೂರುಗಳನ್ನು ಯಾರ್ಕೋವ್‌ಸ್ಕಿಯ ನೂಕು ಮೆಲ್ಲಗೆ ಗುರುಗ್ರಹದ ಸೆಳೆತ ಬಿಗಿಯಾಗಿರುವ ದಾರಿಗಳಿಗೆ ತಂದು ಬಿಡುತ್ತದೆ, ಅಲ್ಲಿಂದ ಕೆಲವು ಭೂಮಿಗೆ ಬೀಳುತ್ತವೆ. 1865ರಲ್ಲಿ ಮದ್ದೂರಿಗೆ, 1866ರಲ್ಲಿ ಉಡುಪಿಗೆ ಬಿದ್ದ ಉಲ್ಕಾಶಿಲೆಗಳು ಇಂಥ ದಾರಿ ಹಿಡಿದು ಬಂದ ಜಾತಿಯವೇ.

ಈ ಲೆಕ್ಕ ಇಂದಿನ ಕಾವಲಿಗೂ ಬೇಕು. ಬೆನ್ನುವಿನ ಕಕ್ಷೆ ವರ್ಷಕ್ಕೆ ಸರಾಸರಿ 284 ಮೀಟರ್ ಕುಗ್ಗುತ್ತಿದೆ, ಅದರ 4.3 ಗಂಟೆಯ ಸುತ್ತು ನೂರು ವರ್ಷಕ್ಕೆ ಸುಮಾರು ಒಂದು ಸೆಕೆಂಡ್ ಕಿರಿದಾಗುತ್ತಿದೆ. 2182ರ ಸೆಪ್ಟೆಂಬರಿನಲ್ಲಿ ಅದು ಭೂಮಿಗೆ ಬಡಿಯುವ ಸಂಭವ 2,700ರಲ್ಲಿ ಒಂದು ಎಂದು ಹೇಳಲು ಸಾಧ್ಯವಾದದ್ದು ಬಿಸಿಲಿನ ನೂಕನ್ನು ಇಷ್ಟು ನಿಖರವಾಗಿ ಹಿಡಿದದ್ದರಿಂದ. ಅಪೋಫಿಸ್ ಎಂಬ ಇನ್ನೊಂದು ಕಲ್ಲು ಮುಂದಿನ ನೂರು ವರ್ಷ ನಮಗೆ ತಾಗದು ಎಂದು 2021ರಲ್ಲಿ ಖಚಿತವಾದಾಗಲೂ ಆ ನೂಕು ಲೆಕ್ಕದಲ್ಲಿತ್ತು.

ಅಪೋಫಿಸ್ 2029ರ ಏಪ್ರಿಲ್ 13ರ ರಾತ್ರಿ, ನಮ್ಮ ಗಡಿಯಾರದಲ್ಲಿ 14ರ ನಸುಕಿಗೆ, ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಲಿದೆ. ಭೂಸ್ಥಿರ ಉಪಗ್ರಹಗಳ ಕಕ್ಷೆಗಿಂತಲೂ ಕೆಳಗೆ. ಬಿಸಿಲಿಗೆ ಯುಗಗಳೇ ಬೇಕಾಗುವ ಕೆಲಸವನ್ನು ಭೂಮಿಯ ಸೆಳೆತ ಅಂದು ಕೆಲವೇ ಗಂಟೆಗಳಲ್ಲಿ ಮಾಡಿ, ಅದು ತಿರುಗುವ ಬಗೆಯನ್ನು ಬದಲಿಸುವ ನಿರೀಕ್ಷೆಯಿದೆ. ಬೆನ್ನುವಿನ ಮಣ್ಣನ್ನು 2023ರಲ್ಲಿ ಭೂಮಿಗೆ ತಂದುಕೊಟ್ಟ ನೌಕೆಯೇ ಈಗ ಅಪೋಫಿಸ್‌ನತ್ತ ಹೊರಟಿದೆ. ಹಾದುಹೋದ ಮೇಲೆ ಅಪೋಫಿಸ್‌ನ ಸುತ್ತಿನ ಅವಧಿಯನ್ನೂ ಅಕ್ಷದ ದಿಕ್ಕನ್ನೂ ಮತ್ತೆ ಹೊಸದಾಗಿ ಅಳೆಯಬೇಕು. ಅಲ್ಲಿಂದ ಮುಂದೆ ಬಿಸಿಲು ಅದನ್ನು ಎತ್ತ ನೂಕುತ್ತದೆ ಎಂಬುದು ಆ ಎರಡು ಅಂಕಿಗಳ ಮೇಲೆಯೇ ನಿಂತಿದೆ.