ಕೊಳವೆ ಬಾವಿ: ಆಳದ ಅಂದಾಜನ್ನು ಎಷ್ಟು ನಂಬಬಹುದು?

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದ ಅಡಿಕೆ, ತೆಂಗು ಮತ್ತು ದಾಳಿಂಬೆ ತೋಟಗಳಲ್ಲಿ ಬಹುಪಾಲು ಕೊಳವೆ ಬಾವಿಗಳನ್ನೇ ನಂಬಿವೆ. ವಾಣಿವಿಲಾಸ ಸಾಗರವು 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಿತಾದರೂ, ನಾಲೆಯ ನೀರು ಹರಿಯದ ಹೊಲಗಳೇ ಹೆಚ್ಚು. ಬಾವಿ ಕೊರೆಸಲು ಮಾಡಿದ ಸಾಲ, ನೀರು ಬಾರದಿದ್ದರೂ ತೀರಿಸಲೇಬೇಕಾದ ಸಾಲ. ಆದ್ದರಿಂದ ಆಳದ ಅಂದಾಜು ಎಷ್ಟೆಂದು ಕೇಳಿದರೆ ಸಾಲದು. ಆ ಅಂದಾಜು ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬುದನ್ನೂ ಕೇಳಿ ತಿಳಿಯಬೇಕು.

ಅಂದಾಜು ತಪ್ಪುವುದೇಕೆ?

ಇಲ್ಲಿಯ ನೆಲದಡಿ ಮೊದಲು ಮಣ್ಣು, ಅದರ ಕೆಳಗೆ ಶಿಥಿಲಗೊಂಡ ಕಲ್ಲು, ಅದರ ಕೆಳಗೆ ಗಟ್ಟಿಶಿಲೆ ಇರುತ್ತದೆ. ನೀರು ಶಿಥಿಲ ಪದರದಲ್ಲಿ ಮತ್ತು ಗಟ್ಟಿಶಿಲೆಯ ಬಿರುಕುಗಳಲ್ಲಿ ನಿಲ್ಲುತ್ತದೆ. ಸಮೀಕ್ಷೆಯಲ್ಲಿ ನಾಲ್ಕು ಲೋಹದ ಗೂಟಗಳನ್ನು ನೆಟ್ಟು, ವಿದ್ಯುತ್ ಹರಿಸಿ, ನೆಲದ ವಿದ್ಯುತ್ ರೋಧವನ್ನು ಅಳೆಯುತ್ತಾರೆ. ಅಳೆಯುವುದು ರೋಧವನ್ನು, ಆಳವನ್ನು ಅದರಿಂದ ಊಹಿಸಿಕೊಳ್ಳಬೇಕಾಗುತ್ತದೆ.

ತೊಡಕಿರುವುದು ಇಲ್ಲಿಯೇ. ಮೇಲೆ ಒಣಮಣ್ಣು, ಕೆಳಗೆ ಗಟ್ಟಿಶಿಲೆ ಇರುವಲ್ಲಿ, ನಡುವೆ 50 ಓಮ್-ಮೀಟರ್ ರೋಧದ 5 ಮೀಟರ್ ದಪ್ಪದ ಪದರವಿದ್ದರೂ, 80 ಓಮ್-ಮೀಟರ್ ರೋಧದ 8 ಮೀಟರ್ ದಪ್ಪದ ಪದರವಿದ್ದರೂ ಉಪಕರಣ ಹೆಚ್ಚುಕಡಿಮೆ ಒಂದೇ ಅಳತೆ ತೋರಿಸಬಹುದು. ಅಳತೆ ಸರಿಯಾಗಿದ್ದರೂ ಆಳ ತಪ್ಪುವುದು ಹೀಗೆ.

ಚಿತ್ರದುರ್ಗದ ಪದರಶಿಲೆಯ ಪಟ್ಟಿ ದಕ್ಷಿಣಕ್ಕೆ ಚಿಕ್ಕನಾಯಕನಹಳ್ಳಿಯ ಕಡೆಗೆ ಸಾಗುತ್ತದೆ. ಆ ಭಾಗದಲ್ಲಿರುವ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನವನ್ನು ಕೇಂದ್ರ ಅಂತರ್ಜಲ ಮಂಡಳಿಯು ಜಲಪದರ ನಕ್ಷೆಯ ಪ್ರಾಯೋಗಿಕ ಯೋಜನೆಗೆ ಆರಿಸಿಕೊಂಡಿತ್ತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಹೆಲಿಕಾಪ್ಟರಿಗೆ ತೂಗುಬಿಟ್ಟ ಉಪಕರಣದಿಂದ ಅಲ್ಲಿ ಅಳತೆ ಮಾಡಿತು. ಇದರಿಂದ ಕಡಿಮೆ ಕಾಲದಲ್ಲಿ ವಿಶಾಲ ಪ್ರದೇಶದ ಚಿತ್ರ ದೊರೆಯುತ್ತದೆ. ಆದರೂ ಚಿತ್ರವನ್ನು ಕೊರೆದ ಬಾವಿಯ ವಿವರದೊಡನೆ ತಾಳೆ ನೋಡಲೇಬೇಕು.

ಯಂತ್ರ ಕಲಿಯುವ ಬಗೆ

ಈ ತಾಳೆ ನೋಡುವ ಕೆಲಸವನ್ನು ನೂರಾರು ಬಾವಿಗಳಿಗೆ ಒಟ್ಟಿಗೆ ಮಾಡಲು ಯಂತ್ರಕಲಿಕೆ ನೆರವಾಗುತ್ತದೆ. ಹಳೆಯ ಪ್ರತಿಯೊಂದು ಬಾವಿಯ ಸ್ಥಳ, ನೆಲದ ಎತ್ತರ, ಶಿಲೆಯ ಜಾತಿ, ಹಳ್ಳದಿಂದ ಇರುವ ದೂರ, ರೋಧದ ಅಳತೆ ಮತ್ತು ಕೊರೆದಾಗ ಗಟ್ಟಿಶಿಲೆ ಸಿಕ್ಕ ಆಳವನ್ನು ಗಣಕಯಂತ್ರಕ್ಕೆ ಒದಗಿಸುತ್ತಾರೆ. ಅಮೆರಿಕದ ಲಿಯೊ ಬ್ರೈಮನ್ 2001ರಲ್ಲಿ ವಿವರಿಸಿದ ವಿಧಾನದಲ್ಲಿ ಯಂತ್ರವು ನೂರಾರು 'ನಿರ್ಣಯ ವೃಕ್ಷ'ಗಳನ್ನು ಕಟ್ಟುತ್ತದೆ. ಹಳ್ಳ ಹತ್ತಿರವೇ? ರೋಧ 100ಕ್ಕಿಂತ ಕಡಿಮೆಯೇ? ಹೀಗೆ ಪ್ರಶ್ನೆ ಕೇಳುತ್ತ ಪ್ರತಿ ವೃಕ್ಷವೂ ಹೊಸ ಹೊಲವನ್ನು ಹೋಲುವ ಹಳೆಯ ಬಾವಿಗಳನ್ನು ಹೆಕ್ಕುತ್ತದೆ. ಆ ಬಾವಿಗಳ ಆಳಗಳು ಹತ್ತಿರ ಹತ್ತಿರವಿದ್ದರೆ ಅಂದಾಜು ಗಟ್ಟಿ, ಚೆದರಿದ್ದರೆ ಸಡಿಲ.

ಒಂದು ಉದಾಹರಣೆ ನೋಡಬಹುದು. ಎರಡು ಹೊಲಗಳಲ್ಲಿಯೂ ಗಟ್ಟಿಶಿಲೆ 20 ಮೀಟರಿಗೆ ಎಂದು ಅಂದಾಜು ಬಂದಿದೆ. ಮೊದಲನೆಯದರ ವ್ಯಾಪ್ತಿ 14ರಿಂದ 26 ಮೀಟರ್, ಎರಡನೆಯದರದು 8ರಿಂದ 60 ಮೀಟರ್. 6 ಮೀಟರ್ ಉದ್ದದ ಕೇಸಿಂಗ್ ಪೈಪು ಬಳಸಿದರೆ, ಗಟ್ಟಿಶಿಲೆ ತಲುಪಲು ಮೊದಲನೆಯದಕ್ಕೆ 3ರಿಂದ 5 ಪೈಪು, ಎರಡನೆಯದಕ್ಕೆ 2ರಿಂದ 10 ಪೈಪು ಬೇಕಾದೀತು. ಅಂದಾಜು ಒಂದೇ ಆದರೂ ಕೈಯಲ್ಲಿರಬೇಕಾದ ಹಣ ಒಂದೇ ಅಲ್ಲ. ಎರಡನೆಯ ಹೊಲದಲ್ಲಿ ಕೊರೆಯುವ ಮೊದಲು ಮತ್ತೊಂದು ಸಮೀಕ್ಷೆ ಮಾಡಿಸುವುದು ಲೇಸು.

ಈ ವ್ಯಾಪ್ತಿಯನ್ನೂ ಪರೀಕ್ಷಿಸಬೇಕು. ಹತ್ತರಲ್ಲಿ ಒಂಬತ್ತು ಸಲ ನಿಜವಾಗುವುದೆಂದು ಹೇಳಿದರೆ, ಕಲಿಕೆಗೆ ಬಳಸದ ಬಾವಿಗಳಲ್ಲಿ ಸುಮಾರು ಅಷ್ಟೇ ಪಾಲು ಅದರೊಳಗೆ ಬರಬೇಕು. ಪಕ್ಕದ ಹೊಲಗಳ ಬಾವಿಗಳಿಂದ ಕಲಿತ ಯಂತ್ರ ಆ ಊರಿನಲ್ಲಿ ಸುಲಭವಾಗಿ ಗೆಲ್ಲುತ್ತದೆ. ಆದ್ದರಿಂದ ಇಡೀ ಊರಿನ ಬಾವಿಗಳನ್ನು ಹೊರಗಿಟ್ಟು ಪರೀಕ್ಷಿಸುವುದೇ ಸರಿಯಾದ ಕ್ರಮ.

ಮಿತಿಗಳು

ನೈಸ್ ಶಿಲೆಯ ಬಾವಿಗಳಿಂದ ಕಲಿತ ಯಂತ್ರ ಪದರಶಿಲೆಯ ಹೊಲದಲ್ಲಿ ಎಡವಬಹುದು. ವೃಕ್ಷಗಳೆಲ್ಲ ಒಮ್ಮತದಿಂದ ತಪ್ಪು ಹೇಳಬಹುದು. ಶಿಥಿಲ ಪದರದ ಆಳಕ್ಕಿಂತ ಬಿರುಕಿನ ಆಳವನ್ನು ಊಹಿಸುವುದು ಬಹಳ ಕಷ್ಟ. ಬಿರುಕು ಸಣ್ಣದು, ಹತ್ತು ಹೆಜ್ಜೆ ಆಚೆ ಕೊರೆದರೆ ಅದು ತಪ್ಪಿಹೋಗಬಹುದು. ಯಾವ ಯಂತ್ರವೂ ನೀರಿಗೆ ಖಾತರಿ ನೀಡಲಾರದು.

ರೈತರು ಗಮನಿಸಬೇಕಾದ ಅಂಶಗಳು

1. ಆಳ ತಿಳಿಸುವವರಿಂದ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಬರೆಸಿಕೊಳ್ಳಿ. ಖರ್ಚನ್ನು ಗರಿಷ್ಠ ಆಳಕ್ಕೆ ಲೆಕ್ಕ ಹಾಕಿ.

2. ಎಷ್ಟು ಆಳಕ್ಕೆ ನಿಲ್ಲಿಸಬೇಕೆಂಬುದನ್ನು ಲಾರಿ ಬರುವ ಮೊದಲೇ ತೀರ್ಮಾನಿಸಿ. ಕೊರೆಯುತ್ತಿರುವಾಗ "ಇನ್ನು ಐವತ್ತು ಅಡಿ" ಎಂಬ ಆಸೆ ಸಾಲವನ್ನು ಬೆಳೆಸುತ್ತದೆ.

3. ಕೊರೆಯುವಾಗ ಮಣ್ಣು ಮುಗಿದ ಆಳ, ಗಟ್ಟಿಶಿಲೆ ಸಿಕ್ಕ ಆಳ, ನೀರು ಕಂಡ ಆಳ, ಕಲ್ಲಿನ ಬಣ್ಣ, ದಿನಾಂಕ ಇವುಗಳನ್ನು ಪುಸ್ತಕದಲ್ಲಿ ಬರೆದಿಡಿ.

4. ವಿಫಲ ಬಾವಿಯ ವಿವರವನ್ನೂ ತಪ್ಪದೆ ಬರೆಯಿರಿ. ನೀರು ಬಂದ ಬಾವಿಗಳನ್ನಷ್ಟೇ ಕಂಡ ಯಂತ್ರಕ್ಕೆ ಎಲ್ಲ ಹೊಲವೂ ನೀರಿನ ಹೊಲವಾಗಿಯೇ ಕಾಣುತ್ತದೆ.

5. ಸರ್ವೋಚ್ಚ ನ್ಯಾಯಾಲಯದ 2010ರ ಆದೇಶದಂತೆ ವಿಫಲ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಕಲ್ಲುಗಳಿಂದ ಮುಚ್ಚಿಸಿ.

ಒಂದು ಊರಿನ ರೈತರೆಲ್ಲ ತಮ್ಮ ಬಾವಿಗಳ ವಿವರ ಒಟ್ಟುಗೂಡಿಸಿ ಜಿಲ್ಲಾ ಅಂತರ್ಜಲ ಕಚೇರಿಗೆ ಅಥವಾ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒದಗಿಸಬಹುದು. ಇಂತಹ ವಿವರ ಹೆಚ್ಚಿದಂತೆ ಅಂದಾಜಿನ ವ್ಯಾಪ್ತಿ ಕಿರಿದಾಗುತ್ತದೆ. ಒಬ್ಬರ ಒಣಬಾವಿಯ ಲೆಕ್ಕ ಇನ್ನೊಬ್ಬರ ಸಾಲವನ್ನು ತಪ್ಪಿಸಬಲ್ಲದು.